ಕೆರೆಗೆ ಬಂದ ಪರದೇಶಿ

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಕೆರೆಯಲ್ಲಿ ಈಜುವ ಪ್ರಾಣಿ ಯಾವುದೆಂದು ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ ಎಂದೇ ನಾನೂ ನಂಬಿದ್ದೆ.

ತುಮಕೂರಿನಿಂದ ಯಡ್ರಾಮಿ ಹತ್ತಿರದ ಊರೊಂದರ ಕಾಲೇಜಿಗೆ ವರ್ಗವಾಗಿ ಬಂದಿದ್ದೆ. ಗಂಡನ ನೌಕರಿ ಅಲ್ಲಿ, ನನ್ನದು ಇಲ್ಲಿ. ಸಂಜೆ ಫೋನು ಬರುತ್ತಿತ್ತು.

"ಊಟ ಆಯ್ತಾ?"

"ಇನ್ನೂ ಇಲ್ಲ. ನಿಮ್ದು?"

"ಇನ್ನೂ ಇಲ್ಲ."

ಆ ದಿನದ ದಾಂಪತ್ಯ ಕಲಾಪ ಮುಕ್ತಾಯ! ಆಮೇಲೆ ಮನೆಯಲ್ಲಿ ದನಿ ಎತ್ತುತ್ತಿದ್ದುದು ಕುಕ್ಕರ್ ಒಂದೇ. ಅದರ ಕೂಗಿಗೆ "ಬಂದೆ, ಬಂದೆ" ಎಂದು ಉತ್ತರ ಕೊಡತೊಡಗಿದಾಗ, ಸ್ವಲ್ಪ ಹೊರಗೆ ಅಡ್ಡಾಡಿ ಬರುವುದು ಒಳ್ಳೆಯದು ಅನಿಸಿತು. ಕೆರೆ ಏರಿಯ ಮೇಲೆ ತಿರುಗಾಟ ಶುರುಮಾಡಿದೆ.

ಅಲ್ಲೇ ಅದು ಕಂಡದ್ದು. ಜೊಂಡಿನ ನಡುವೆ ಒಂದು ಕಂದು ತಲೆ, ಮೀಸೆ, ಹಿಂದೆ ಬಾಲ. ನೀರು ಸೀಳಿಕೊಂಡು ಹೊರಟಿತ್ತು. ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ನ್ಯೂಟ್ರಿಯಾ ಎಂಬ ದಕ್ಷಿಣ ಅಮೆರಿಕದ ನೀರಿಲಿಯ ವಿಡಿಯೊ ನೋಡಿದ್ದೆ. ಕಂಡವರ ಕೆರೆಗೆ ನುಗ್ಗಿ, ಜೊಂಡನ್ನು ಬೇರುಸಮೇತ ತಿಂದು, ದಂಡೆ ಕೊರೆದು, ಮೀನು ಹಕ್ಕಿಗಳಿಗೆ ನೆಲೆಯಿಲ್ಲದಂತೆ ಮಾಡುವ ಪ್ರಾಣಿ. ನಿನ್ನೆ ವಿಡಿಯೊ, ಇವತ್ತು ದರ್ಶನ! ಇಂಥ ಕಾಕತಾಳೀಯವನ್ನು ಅನುಮಾನದಿಂದ ನೋಡಬೇಕೆಂದು ಮಕ್ಕಳಿಗೆ ಪಾಠ ಹೇಳುವವಳು ನಾನೇ.

ಓಡಿಬಂದು ಮನೆ ಮಾಲೀಕರಾದ ಕಲಾವತಿಬಾಯಿಗೆ ಹೇಳಿದೆ. "ಅಮ್ಮಾ, ಕೆರೆಗೆ ನ್ಯೂಟ್ರಿಯಾ ಬಂದಿದೆ!"

"ಲಾಟ್ರಿ ಬಂದದೇನ್ರಿ? ಯಾರಿಗ್ರಿ ಮೇಡಮ್ಮಾರ?"

"ಲಾಟರಿ ಅಲ್ಲ, ಇಲಿ! ಬೆಕ್ಕಿನಷ್ಟು ದೊಡ್ಡ ಇಲಿ. ಏರಿಯನ್ನೇ ಕೊರೆದುಬಿಡುತ್ತದೆ!"

ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಳಿಯಿತು. "ಏರಿ ಒಡದ್ರ ನಮ್ಮ ಹೊಲ ಮುಳುಗ್ತದಲ್ರಿ ಯವ್ವಾ!"

ಮರುದಿನ ಸಂಜೆ ನನ್ನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ! ಕೆರೆಯಲ್ಲಿ ಮೀನು ಹಿಡಿಯುವ ಮೈಲಾರೆಪ್ಪನೂ ಬಂದಿದ್ದ.

"ಮೇಡಮ್ಮಾರ, ಅದು ಕಡೀತದೇನ್ರಿ? ನೀರಿಗಿ ಇಳೀಬ್ಯಾಡ ಅಂತ ನಮ್ಮಾಕಿ ಹಟಾ ಮಾಡಾಕತ್ತಾಳ."

"ಅದರ ಹಲ್ಲು ಕಿತ್ತಳೆ ಬಣ್ಣ" ಎಂದೆ ಗಂಭೀರವಾಗಿ.

ಹಲ್ಲಿನ ಬಣ್ಣಕ್ಕೂ ಕಡಿತಕ್ಕೂ ಸಂಬಂಧವಿಲ್ಲ. ಆದರೆ ಎಲ್ಲರೂ ಹೌಹಾರಿದರು. ಎಂಥ ಸುಖ! ಪಕ್ಕದ ಮನೆಯವರು ಚಹಾ ತಂದರು, ಯಾರೋ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಂದರು. ಸಂಜೆಯಿಂದ ಸಂಜೆಗೆ ಪ್ರಾಣಿಯೂ ಬೆಳೆಯಿತು. ಬೆಕ್ಕು ಹೋಗಿ ನಾಯಿಯಾಯಿತು, ನಾಯಿ ಹೋಗಿ ಆಡಾಯಿತು. ಅಳತೆ ಹೆಚ್ಚಿಸಿದವಳು ನಾನೇ. ಚಿಕ್ಕದಾದರೆ ಜನ ಎದ್ದು ಹೋದಾರೆಂಬ ಭಯ!

ಕೊನೆಗೆ ಮೈಲಾರೆಪ್ಪ ಎಲ್ಲಿಂದಲೋ ಕಬ್ಬಿಣದ ಬೋನು ತಂದ. ಒಳಗೆ ಗಜ್ಜರಿ, ಅಂದರೆ ನಮ್ಮ ಕಡೆಯ ಕ್ಯಾರೆಟ್, ಕಟ್ಟಿದೆವು. ಜೊಂಡಿನ ಹತ್ತಿರ ನಾನೇ ಇಡುತ್ತೇನೆಂದು ಹಟ ಹಿಡಿದು, ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದೆ. ಇಬ್ಬರು ಎಳೆದು ತೆಗೆದರು. ವಿಜ್ಞಾನದ ಸೇವೆಯಲ್ಲಿ ಎಡಗಾಲಿನ ಚಪ್ಪಲಿ ಕೆರೆಯ ಪಾಲಾಯಿತು.

ಬೆಳಿಗ್ಗೆ ಪ್ರಾಣಿ ಬಿದ್ದಿತ್ತು! ಅರ್ಧ ಊರು ಏರಿಯ ಮೇಲೆ. ಚಾದರ ಹೊದಿಸಿದ ಬೋನನ್ನು ಮೈಲಾರೆಪ್ಪ ನನ್ನ ಮುಂದೆ ತಂದಿಟ್ಟ. ನಾನು ಗಂಟಲು ಸರಿಮಾಡಿಕೊಂಡೆ.

"ಮಹನೀಯರೇ, ಈ ಪ್ರಾಣಿಯ ಹಿಂಗಾಲಿನ ಬೆರಳುಗಳ ನಡುವೆ ಬಾತುಕೋಳಿಗೆ ಇರುವಂಥ ಪೊರೆ ಇರುತ್ತದೆ..."

ಚಾದರ ಸರಿಸಿ ಕಾಲು ನೋಡಿದೆ. ಪೊರೆ ಇರಲಿಲ್ಲ. ಮೂತಿ ನೋಡಿದೆ. ಬಾಲ ನೋಡಿದೆ. ನನ್ನ ಎಂ.ಎಸ್ಸಿ. ತಡವಾಗಿ ಎಚ್ಚರಗೊಂಡಿತು.

ಹೆಗ್ಗಣ!

ಸುಳ್ಳು ಹೇಳಬಹುದಿತ್ತು. "ಇದು ಮರಿ, ತಾಯಿ ಇನ್ನೂ ನೀರಿನಲ್ಲಿದೆ" ಎಂದಿದ್ದರೆ ಇನ್ನೂ ಕೆಲವು ಸಂಜೆ ಮನೆ ತುಂಬಿರುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎದುರಿಗೆ ಮೈಲಾರೆಪ್ಪ ನಿಂತಿದ್ದ. ಅಷ್ಟೂ ದಿನ ಅವನು ಬಲೆ ಬೀಸಿರಲಿಲ್ಲ.

"ಹೆಗ್ಗಣ" ಎಂದೆ ಮೆಲ್ಲಗೆ.

"ಏನಂದ್ರಿ?"

"ಹೆಗ್ಗಣ. ಇದೇ ಊರಿನದು."

ಕಲಾವತಿಬಾಯಿ ಬಗ್ಗಿ ನೋಡಿದರು. "ಹೌದ್ರಿ! ನಮ್ಮ ಜ್ವಾಳದ ಚೀಲ ಕಡಿಯೋ ಹೆಗ್ಗಣದ ತಮ್ಮ ಇದ್ದಂಗ ಅದ!"

ಏರಿ ಒಡೆಯುವಂತೆ ನಗು. ಆಮೇಲೆ ಎಲ್ಲರಿಗೂ ಒಮ್ಮೆಗೇ ತಮ್ಮ ತಮ್ಮ ಕೆಲಸ ನೆನಪಾಯಿತು. ಮೈಲಾರೆಪ್ಪ ಬಲೆ ಹೆಗಲಿಗೇರಿಸಿದ. "ಹೋಗ್ಲಿ ಬಿಡ್ರಿ ಮೇಡಮ್ಮಾರ, ಕೆರಿ ಉಳೀತಲ್ಲ" ಎಂದು ಸಮಾಧಾನ ಹೇಳಿ ನೀರಿಗಿಳಿದ. ಏರಿಯ ಮೇಲೆ ನಾನು ಮತ್ತು ಹೆಗ್ಗಣ ಉಳಿದೆವು. ಬೋನು ತೆರೆದೆ. ಅದೂ ನಿಲ್ಲಲಿಲ್ಲ.

ಆ ಸಂಜೆ ಬಾಗಿಲು ತೆರೆದೇ ಇಟ್ಟಿದ್ದೆ. ಯಾರೂ ಬರಲಿಲ್ಲ.

ಸೋಮವಾರ ಕಾಲೇಜಿಗೆ ಹೊರಟಾಗ ಜೇವರ್ಗಿ ಬಸ್ಸು ಕಿಕ್ಕಿರಿದಿತ್ತು. ಗುರುತಿಲ್ಲದ ಹೆಂಗಸೊಬ್ಬಳು ಹಿಂದಿನಿಂದ ಕೂಗಿದಳು: "ಹೆಗ್ಗಣ ಮೇಡಮ್ಮಾರ, ಹಿಂದ ಬರ್ರಿ! ಇಲ್ಲಿ ಜಾಗಾ ಅದ!"

ಇಡೀ ಬಸ್ಸು ತಿರುಗಿ ನೋಡಿತು. ಸಿಟ್ಟು ಬರಬೇಕಿತ್ತು. ನಾನೋ, ಜನರನ್ನು ತಳ್ಳಿಕೊಂಡು ಹೋಗಿ ಕುಳಿತೆ! ಆಕೆ ತನ್ನ ಮನೆಯ ಹೆಗ್ಗಣಗಳ ಕಥೆ ಶುರುಮಾಡಿದಳು; ಅವು ಯಾವ ಗೋಡೆ ತೋಡಿದವು, ಯಾರ ಸೀರೆ ಕಡಿದವು, ಎಲ್ಲವನ್ನೂ ಬಿಡದೆ ಕೇಳಿದೆ. ಕಥೆ ಮುಗಿಯುವಷ್ಟರಲ್ಲಿ ಜೇವರ್ಗಿ ಬಂದಿತ್ತು.

ಕಾಲೇಜು ಇದ್ದದ್ದು ನಮ್ಮ ಊರಾಚೆಯ ಮೊದಲ ಸ್ಟಾಪಿನಲ್ಲಿ.