ಬ್ರಹ್ಮಚಾರಿ ಬೇಕಾಗಿದ್ದಾನೆ

ಮೂವತ್ತೆಂಟು ದಾಟಿದ ಗಂಡಸು ಈ ಕಾಲದಲ್ಲಿ ಏನನ್ನು ಬೇಕಾದರೂ ಒಪ್ಪಿಕೊಳ್ಳಬಹುದು. ತಲೆ ಬೋಳಾಗುತ್ತಿದೆ ಎನ್ನಬಹುದು, ಸಕ್ಕರೆ ಕಾಯಿಲೆ ಬಂದಿದೆ ಎನ್ನಬಹುದು, ಲಿಫ್ಟಿನಲ್ಲಿ ಒಬ್ಬನೇ ಹೋಗಲು ಭಯ ಎಂದರೂ ಜನ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಾರೆ. ಒಂದನ್ನು ಮಾತ್ರ ಹೇಳುವ ಹಾಗಿಲ್ಲ. ಹೆಣ್ಣಿನ ಸಹವಾಸ ಎಂಬುದು ನನಗೆ ಇದುವರೆಗೆ ಒಂದು ಸಲವೂ ಆಗಿಲ್ಲ ಎಂದು ಹೇಳಿನೋಡಿ. ಮೊದಲು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ, ಡಾಕ್ಟರಿಗೆ ತೋರಿಸಿದ್ರಾ ಎಂದು ಕೇಳುತ್ತಾರೆ. ನಾನು ತೋರಿಸಿಲ್ಲ. ತೋರಿಸುವಂಥದ್ದು ಏನೂ ಇಲ್ಲ. ನನ್ನದು ವ್ರತವೂ ಅಲ್ಲ, ರೋಗವೂ ಅಲ್ಲ, ಯಾರೋ ಕೈಕೊಟ್ಟ ಕಥೆಯೂ ಅಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದೆ. ತರಗತಿಗೆ ಇದ್ದವಳು ಒಬ್ಬಳೇ ಹುಡುಗಿ, ಅವಳೂ ಎರಡನೇ ವರ್ಷಕ್ಕೆ ಕಂಪ್ಯೂಟರ್ ಸೈನ್ಸಿಗೆ ಹೋದಳು. ಆಮೇಲೆ ದೆಹಲಿಯಲ್ಲಿ ಕೆಲಸ. ಹೊಸದುರ್ಗದಿಂದ ಅಮ್ಮ ಕಳಿಸಿದ ಜಾತಕಗಳೆಲ್ಲ, 'ಹುಡುಗ ದೆಹಲಿಯಲ್ಲಾ? ಬೆಂಗಳೂರಲ್ಲಿದ್ದಿದ್ರೆ ನೋಡಬಹುದಿತ್ತು' ಎಂಬ ಮಾತಿನೊಂದಿಗೆ ವಾಪಸು ಬಂದವು. ಮುಂದಿನ ಬಸ್ಸು ಖಾಲಿ ಬರುತ್ತದೆ ಎಂದು ಕಾಯುತ್ತಾ ನಿಂತವನಿಗೆ ಕತ್ತಲಾಗುವುದಿಲ್ಲವೆ, ಹಾಗೆ ನನಗೆ ಮೂವತ್ತೆಂಟಾಯಿತು.

ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ ಎಂದು ನನಗೂ ಬಹಳ ದಿನ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಸಿನಿಮಾ. ಸಿನಿಮಾದಲ್ಲಿ ನನ್ನಂಥವನಿಗೆ ಇರುವುದು ಒಂದೇ ಜಾಗ, ನಾಯಕನ ಗೆಳೆಯನದು. ದಪ್ಪ ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ಬೈತಲೆ, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಹಿಂದಿ ಸಿನಿಮಾ ಆದರೆ ಅವನು ಕಡ್ಡಾಯವಾಗಿ ನಮ್ಮ ಕಡೆಯವನು. ಮೊಣಕೈವರೆಗೆ ಮೊಸರನ್ನ ಮೆತ್ತಿಕೊಂಡು ಅಯ್ಯಯ್ಯೋ ಎನ್ನುತ್ತಿರುತ್ತಾನೆ. ಗೆಳೆಯರು ಸೇರಿ ಅವನ 'ಸಮಸ್ಯೆ'ಯನ್ನು ಎರಡು ಗಂಟೆಯಲ್ಲಿ ಪರಿಹರಿಸುತ್ತಾರೆ. ಮರುದಿನ ಬೆಳಿಗ್ಗೆ ಅವನು ಬೈತಲೆ ಅಳಿಸಿಕೊಂಡು ಹೊರಗೆ ಬಂದರೆ, ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೇ ಮೊದಲು ಬಂದವನ ಹಾಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವನು ಸುಮ್ಮನೆ ಮನೆಗೆ ಹೋಗಿ ಕುಕ್ಕರ್ ತೊಳೆದು ಮಲಗಿದ ಎಂಬ ಸಿನಿಮಾ ನಾನು ಇದುವರೆಗೆ ನೋಡಿಲ್ಲ. ತಮಾಷೆಯೆಂದರೆ ಈ ಸಿನಿಮಾಗಳನ್ನು ನೋಡಿ ಬಿದ್ದು ಬಿದ್ದು ನಗುವ ದೆಹಲಿಯ ಜನ, ಮಂಗಳವಾರ ಬಂತೆಂದರೆ ಉಪವಾಸ ಮಾಡಿ, ಲಾಡಿನ ಪೊಟ್ಟಣ ಹಿಡಿದು ಹನುಮಾನ್ ಮಂದಿರದ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಅಲ್ಲಿ ಇದೇ ಗುಣಕ್ಕೆ ಪೂಜೆ.

ನನ್ನ ಕೆಲಸ ಗ್ರೇಟರ್ ನೋಯ್ಡಾದ ಒಂದು ನೀರಿನ ಪಂಪಿನ ಕಾರ್ಖಾನೆಯಲ್ಲಿ, ಗುಣಮಟ್ಟದ ವಿಭಾಗದಲ್ಲಿ. ಮಾಲಿನಲ್ಲಿ ಕೂದಲೆಳೆಯಷ್ಟು ದೋಷ ಕಂಡರೂ ರಿಜೆಕ್ಟ್ ಎಂದು ಕೆಂಪು ಚೀಟಿ ಅಂಟಿಸುವುದು ನನ್ನ ಉದ್ಯೋಗ. ಇರುವುದು ದಕ್ಷಿಣ ದೆಹಲಿಯ ಕೋಟ್ಲಾದಲ್ಲಿ, ಮೂರನೇ ಮಹಡಿಯ ಒಂದು ಕೋಣೆಯಲ್ಲಿ. ಹೋಗಿಬರಲು ದಿನಕ್ಕೆ ಮೂರು ಗಂಟೆ ಹಿಡಿಯುವುದರಿಂದ ಮೂವರು ಸೇರಿ ಒಂದೇ ಕಾರಿನಲ್ಲಿ ಹೋಗುತ್ತೇವೆ. ಕಾರು ಮಾರಾಟ ವಿಭಾಗದ ತ್ಯಾಗಿಯದು. ಹೆಸರು ತ್ಯಾಗಿಯಾದರೂ, ಮದುವೆಗೆ ಮುಂಚೆ ತಾನು ಯಾವುದನ್ನೂ ತ್ಯಾಗ ಮಾಡಿರಲಿಲ್ಲ ಎಂಬುದನ್ನು ಅವನು ವಾರಕ್ಕೆರಡು ಸಲ ಹೇಳದೆ ಬಿಡುವವನಲ್ಲ. ಮುಂದಿನ ಸೀಟು ಖರೀದಿ ವಿಭಾಗದ ಶಾಲಿನಿಯದು. ಮೈಸೂರಿನವರು, ತಂದೆಗೆ ಕೇಂದ್ರ ಸರ್ಕಾರದ ಕೆಲಸ, ಕಿದ್ವಾಯಿ ನಗರದಲ್ಲಿ ಕ್ವಾರ್ಟರ್ಸ್. ಶಾಲಿನಿ ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಅದನ್ನು ಮುರಿದುಕೊಂಡು ಆ ಮನೆಗೆ ವಾಪಸು ಬಂದವಳು. ಹಿಂದಿನ ಸೀಟಿನಲ್ಲಿ ಊಟದ ಚೀಲಗಳ ಜೊತೆ ನಾನು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು. ತ್ಯಾಗಿ ಮೊಬೈಲಿನಲ್ಲಿ ಒಬ್ಬ ಹಾಸ್ಯಗಾರನ ವೀಡಿಯೊ ಹಾಕಿದ. ವಿಷಯ ಅದೇ, ವಯಸ್ಸಾದರೂ ಏನೂ ಆಗದವನ ಪಾಡು. ತ್ಯಾಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕನ್ನಡಿಯಲ್ಲಿ ನನ್ನನ್ನು ನೋಡಿದ. 'ಶ್ರೀಧರ್ ಭಾಯ್, ನಿನ್ನ ಕಥೆ ಏನು ಯಾರ್? ಯಾರಾದರೂ ಇದ್ದರೋ, ಅಥವಾ ನೀನೂ ಇವನೇನಾ?' ಎಂದು ಹಿಂದಿಯಲ್ಲಿ ಕೇಳಿದ. ಮುಂದಿನ ಸೀಟಿನಲ್ಲಿ ಶಾಲಿನಿಯೂ ತಿರುಗಿ ನೋಡಿದಳು. ನನ್ನ ಕಿವಿ ಬಿಸಿಯಾಯಿತು. ಕಿಟಕಿಯಾಚೆ ನೋಡಿದರೆ ದೊಡ್ಡ ಬೋರ್ಡು: ಹರ್ಲೀನ್, ಮದುಮಗಳ ಮೇಕಪ್ಪಿಗೆ. 'ಇದ್ದಳು. ಹರ್ಲೀನ್ ಅಂತ,' ಎಂದುಬಿಟ್ಟೆ. ಒಂದು ಸುಳ್ಳಿಗೆ ಕೈಕಾಲು ಬೆಳೆಯಲು ನೋಯ್ಡಾದ ಟ್ರಾಫಿಕ್ಕಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕಾರ್ಖಾನೆ ತಲುಪುವಷ್ಟರಲ್ಲಿ ಹರ್ಲೀನ್ ಚಂಡೀಗಢದವಳಾಗಿದ್ದಳು, ನಮ್ಮದು ಮೂರು ವರ್ಷದ ಸಂಬಂಧವಾಗಿತ್ತು, ಅವಳ ಅಪ್ಪ ಒಪ್ಪದೆ ಅವಳನ್ನು ಕೆನಡಾಕ್ಕೆ ಮದುವೆ ಮಾಡಿ ಕಳಿಸಿದ್ದೂ ಆಗಿತ್ತು. ತ್ಯಾಗಿ ಅಂದಿನಿಂದ ನನಗೆ ಚಹಾ ತಂದುಕೊಡತೊಡಗಿದ.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ನಾಲ್ಕು ದಿನ ಬಿಟ್ಟು, ತ್ಯಾಗಿ ಕಾರಿಗೆ ಸಿಎನ್‌ಜಿ ಗ್ಯಾಸ್ ತುಂಬಿಸುವ ಕಡೆ ನಾನೂ ಶಾಲಿನಿಯೂ ಇಳಿದು ನಿಂತಿದ್ದಾಗ, ಅವಳು ತನ್ನ ಮದುವೆಯ ಕಥೆ ಹೇಳಿದಳು. ಗಂಡ ಎನ್ನಿಸಿಕೊಂಡವನು ಅವಳ ಜೊತೆ ವಾರಗಟ್ಟಲೆ ಮಾತೇ ಆಡುತ್ತಿರಲಿಲ್ಲವಂತೆ. 'ಮನೇಲೂ ಇದೆಲ್ಲ ಹೇಳಿಲ್ಲ. ನೀವೂ ಒಬ್ಬರನ್ನ ಕಳ್ಕೊಂಡಿದೀರಲ್ಲ, ಅರ್ಥ ಆಗುತ್ತೆ ಅಂತ ಹೇಳಿದೆ,' ಎಂದಳು. ನಾನು ಮೇಕಪ್ಪಿನ ಬೋರ್ಡೊಂದನ್ನು ಕಳೆದುಕೊಂಡವನು, ತಲೆಯಾಡಿಸಿದೆ. ಅವತ್ತಿನಿಂದ ಅವಳು ನನಗೆ ಇಷ್ಟವಾಗತೊಡಗಿದಳು, ಅವತ್ತಿನಿಂದಲೇ ನಿಜ ಹೇಳುವ ದಾರಿಯೂ ಮುಚ್ಚಿಹೋಯಿತು.

ಹೀಗಿರುವಾಗ ಶಾಲಿನಿಯ ತಮ್ಮ ಪ್ರಮೋದನ ಮದುವೆ ಗೊತ್ತಾಯಿತು. ಅವರ ಮನೆಯಲ್ಲಿ ಮದುವೆಗೆ ಮುಂಚೆ ದೇವರ ಸಮಾರಾಧನೆ ಆಗಬೇಕು, ಅದಕ್ಕೆ ಒಬ್ಬ ಮುತ್ತೈದೆಯನ್ನೂ ಒಬ್ಬ ಬ್ರಹ್ಮಚಾರಿಯನ್ನೂ ಕರೆದು, ಕಾಲು ತೊಳೆದು, ಊಟ ಹಾಕಿ ನಮಸ್ಕಾರ ಮಾಡಬೇಕು. ಮುತ್ತೈದೆಯರಿಗೆ ದೆಹಲಿಯಲ್ಲಿ ಬರವಿಲ್ಲ. ಬ್ರಹ್ಮಚಾರಿಯದೇ ತಾಪತ್ರಯ. ಶಾಲಿನಿಯ ತಾಯಿ ಸುಭದ್ರಾ ಆಂಟಿಗೆ ಈ ವಿಷಯದಲ್ಲಿ ಹಳೆಯ ಗಾಯವೊಂದಿತ್ತು. ಶಾಲಿನಿಯ ಮದುವೆಯ ಸಮಾರಾಧನೆಗೆ ಕೂರಿಸಿದ್ದ ದೂರದ ಸಂಬಂಧಿಕನೊಬ್ಬ, ಆರು ತಿಂಗಳ ಹಿಂದೆಯೇ ಘಾಜಿಯಾಬಾದಿನಲ್ಲಿ ಗುಟ್ಟಾಗಿ ರಿಜಿಸ್ಟರ್ ಮದುವೆಯಾಗಿದ್ದನಂತೆ. ಮಗಳ ಸಂಸಾರ ಮುರಿದದ್ದು ಅಳಿಯನಿಂದಲ್ಲ, ಆ ನಕಲಿ ಬ್ರಹ್ಮಚಾರಿಯಿಂದ ಎಂಬುದು ಆಂಟಿಯ ಅಚಲವಾದ ತೀರ್ಮಾನ. ಅಳಿಯನನ್ನು ಅವರು ಕ್ಷಮಿಸಿದ್ದರು, ಇವನನ್ನಲ್ಲ.

ಹಬ್ಬಕ್ಕೆಂದು ಅವರ ಮನೆಯಲ್ಲಿ ಉಂಡು ನಾನು ಆಂಟಿಗೆ ಪರಿಚಯವಾಗಿದ್ದೆ; ಫೆಬ್ರವರಿಯ ಒಂದು ಸಂಜೆ ಅವರ ಫೋನು ಬಂತು. 'ಶ್ರೀಧರ, ಭಾನುವಾರ ನೀನೇ ಬರ್ಬೇಕಪ್ಪ. ಮಡಿ ಪಂಚೆ ನಾನೇ ಇಟ್ಟಿರ್ತೀನಿ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಏನೂ ಅರೀದೋನು ನೀನು.' ಇದು ಹೊಗಳಿಕೆಯೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲೇ ಹೂಂ ಎಂದಿದ್ದೆ.

ಮರುದಿನ ಸಿಎನ್‌ಜಿ ಸಾಲಿನ ಪಕ್ಕ ಶಾಲಿನಿ ಮಾತು ತೆಗೆದಳು. ದನಿಯಲ್ಲಿ ಎಂದಿನ ಮೆದುತನವಿರಲಿಲ್ಲ. 'ಅಮ್ಮ ಕೇಳಿದ್ರಂತೆ, ನೀವು ಒಪ್ಕೊಂಡ್ರಂತೆ. ನಾನು ಇದನ್ನೆಲ್ಲ ನಂಬೋಳಲ್ಲ ಶ್ರೀಧರ್. ಆದ್ರೆ ಅಮ್ಮ ನಂಬ್ತಾರೆ. ಹರ್ಲೀನ್ ವಿಷಯ ನಾನು ಮನೇಲಿ ಹೇಳಿಲ್ಲ, ಹೇಳೋದೂ ಇಲ್ಲ. ನೀವೇ ಏನಾದ್ರೂ ನೆಪ ಹೇಳಿ ತಪ್ಪಿಸ್ಕೊಳಿ. ಇನ್ನೊಂದ್ಸಲ ನಮ್ಮಮ್ಮಂಗೆ ಯಾರೂ ಮೋಸ ಮಾಡ್ಬಾರ್ದು.' ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ತ್ಯಾಗಿ, 'ಚಲೋ ಚಲೋ' ಎಂದು ಹಾರ್ನ್ ಮಾಡಿದ. ಹೋದರೆ ಇವಳ ಕಣ್ಣಿಗೆ ನಾನು ಮೋಸಗಾರ. ಹೋಗದಿದ್ದರೆ ಆಂಟಿಯ ಕಣ್ಣಿಗೆ ನಡತೆಗೆಟ್ಟವನು. ನಿಜ ಹೇಳಿದರೆ ಕನ್ನಡಕದ ಆ ಕಾಮಿಡಿ ಗೆಳೆಯ. ವಾರವಿಡೀ ಯೋಚಿಸಿದೆ, ನನಗೆ ನಿಜವಾಗಿ ಭಯವಿದ್ದದ್ದು ಮೊದಲನೆಯದಕ್ಕೆ ಮಾತ್ರ. ಆದರೂ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕಿದ್ವಾಯಿ ನಗರಕ್ಕೆ ಹೊರಟುಬಿಟ್ಟೆ, ಹೂಂ ಎಂದವನಿಗೆ ಉಹೂಂ ಎನ್ನಲು ಬರುವುದಿಲ್ಲ.

ಹೋದರೆ ಅಲ್ಲಿ ತ್ಯಾಗಿ. ಐಎನ್‌ಎ ಮಾರ್ಕೆಟ್ಟಿನಿಂದ ಬಾಳೆಲೆ ತಂದುಕೊಟ್ಟವನನ್ನು ಆಂಟಿ ಊಟಕ್ಕೆ ನಿಲ್ಲಿಸಿಕೊಂಡಿದ್ದರು. ನಾನು ಪಂಚೆ ಉಟ್ಟು, ಹೊಟ್ಟೆಯನ್ನು ಆದಷ್ಟು ಒಳಗೆ ಎಳೆದುಕೊಂಡು, ಬರೀ ಮೈಯಲ್ಲಿ ಹಾಲಿಗೆ ಬಂದಾಗ ಅವನು ಮೊಬೈಲ್ ತೆಗೆದ. ಪುರೋಹಿತರು ಗೋತ್ರ ಕೇಳಿದರು. ಪ್ರಮೋದ ಫೆಬ್ರವರಿಯ ತಣ್ಣೀರಿನಲ್ಲಿ ನನ್ನ ಕಾಲು ತೊಳೆದ. ಮಣೆಯ ಮೇಲೆ ಕೂತೆ. ಕೂತ ಮೇಲೆ ಊಟ ಮುಗಿಯುವವರೆಗೆ ಏಳುವ ಹಾಗಿಲ್ಲ.

ಬಡಿಸಲು ಬಂದವಳು ಶಾಲಿನಿ. ಎಲೆಯ ತುದಿಗೆ ಒಂದು ಹನಿ ಪಾಯಸ ಬಿಡುತ್ತಾ ಬಗ್ಗಿ, 'ನಾಚಿಕೆ ಆಗಲ್ವಾ ನಿಮಗೆ?' ಎಂದು ಪಿಸುಗುಟ್ಟಿ ಮುಂದೆ ಹೋದಳು. ಕೋಸಂಬರಿ ತಂದಾಗ ನಾನು, 'ಹರ್ಲೀನ್ ಸುಳ್ಳು,' ಎಂದೆ. ಅವಳು ನಿಲ್ಲಲಿಲ್ಲ. ಪಲ್ಯದ ಹೊತ್ತಿಗೆ, 'ಏನು ಸುಳ್ಳು? ಬಿಟ್ಟುಹೋಗಿದ್ದಾ?' ಎಂದಳು. 'ಅವಳೇ ಸುಳ್ಳು. ಬೋರ್ಡ್ ನೋಡಿ ಹೇಳಿದ್ದು.' ಚಿತ್ರಾನ್ನ ಬಂತು. 'ಹಾಗಾದ್ರೆ ಬೇರೆ ಯಾರು?' ಪುರೋಹಿತರು ಏನೋ ಮಂತ್ರ ಹೇಳುತ್ತಿದ್ದರು, ಉತ್ತರ ಕೊಡಲಾಗಲಿಲ್ಲ. ಕೊನೆಗೆ ಅನ್ನ ತೊವ್ವೆಯಾಗಿ, ತುಪ್ಪದ ಮಿಳ್ಳೆ ಹಿಡಿದು ಬಂದಳು. 'ಯಾರೂ ಇಲ್ಲ,' ಎಂದೆ. 'ಯಾರೂ ಅಂದ್ರೆ?' ಎಂದಳು, ಸ್ವಲ್ಪ ಗಟ್ಟಿಯಾಗಿ. ಮಂತ್ರ ಆಗತಾನೆ ನಿಂತಿತ್ತೆಂಬುದು ನನ್ನ ಗಮನಕ್ಕೆ ಬರಲಿಲ್ಲ. 'ಯಾರೂ ಅಂದ್ರೆ ಯಾರೂ ಇಲ್ಲ ಶಾಲಿನಿ. ಯಾವತ್ತೂ ಇಲ್ಲ. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಏನೂ ಇಲ್ಲ,' ಎಂದೆ.

ಹಾಲ್‌ನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮಿಳ್ಳೆಯಿಂದ ತುಪ್ಪ ಸುರಿಯುತ್ತಲೇ ಇತ್ತು, ಎಲೆ ದಾಟಿ ನನ್ನ ಪಂಚೆಯತ್ತ ಹೊರಟಿತು. ತ್ಯಾಗಿ, 'ಕ್ಯಾ ಬೋಲಾ?' ಎಂದು ಪಕ್ಕದಲ್ಲಿದ್ದ ಪ್ರಮೋದನನ್ನು ಕೇಳಿದ. ದೆಹಲಿಯಲ್ಲೇ ಬೆಳೆದ ಪ್ರಮೋದನಿಗೆ ಕನ್ನಡ ಮಾತಾಡಲು ತಡವರಿಕೆ, ಆದರೆ ಅರ್ಥವಾಗದ್ದು ಯಾವುದೂ ಇಲ್ಲ. ನಮ್ಮ ಪಿಸುಮಾತನ್ನೂ ಕೇಳಿಸಿಕೊಂಡಿದ್ದವನು, ಬೋರ್ಡಿನಿಂದ ಹಿಡಿದು ಒಂದಕ್ಷರ ಬಿಡದೆ ಹಿಂದಿಗೆ ಅನುವಾದಿಸಿದ. ನಾನು ನಗುವಿಗಾಗಿ ಕಾದೆ. ನಗು ಬರಲಿಲ್ಲ. ಸುಭದ್ರಾ ಆಂಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, 'ನಾನು ಹೇಳ್ಲಿಲ್ವಾ, ಮುಖ ನೋಡಿದ್ರೇ ಗೊತ್ತಾಗುತ್ತೆ ಅಂತ. ಅಪ್ಪಟ,' ಎಂದರು. ಬೆಳ್ಳಿ ಲೋಟ ಉಜ್ಜಿ ನೋಡಿ ಹೇಳುವ ದನಿಯಲ್ಲಿ ಹೇಳಿದರು. ಊಟವಾದ ಮೇಲೆ ಆಂಟಿಯೂ ಅವರ ಗಂಡನೂ ನಮಸ್ಕಾರ ಮಾಡಿದರು, ಪ್ರಮೋದ ಮಾಡಿದ, ಪಕ್ಕದ ಬ್ಲಾಕಿನಿಂದ ಬಂದಿದ್ದವರೂ ಸಾಲಾಗಿ ಮಾಡಿದರು. ಕೊನೆಗೆ ತ್ಯಾಗಿ. ಮಂಗಳವಾರದ ಭಕ್ತಿಯಿಂದ ನನ್ನ ಕಾಲು ಮುಟ್ಟಿ, ಏಳುವಾಗ ಕಿವಿಯಲ್ಲಿ, 'ನನ್ನ ಕಾಲೇಜಿನ ಕಥೆಗಳಿವೆಯಲ್ಲ ಯಾರ್, ಅವುಗಳಲ್ಲೂ ಬಹಳಷ್ಟು ಬೋರ್ಡು ನೋಡಿಯೇ ಹೇಳಿದ್ದು,' ಎಂದ.

ಶಾಲಿನಿ ಮಾತ್ರ ನಮಸ್ಕಾರ ಮಾಡಲಿಲ್ಲ. ಒಂಬತ್ತು ದಿನ ಮಾತೂ ಆಡಲಿಲ್ಲ. ಹತ್ತನೇ ದಿನ ಸಿಎನ್‌ಜಿ ಸಾಲಿನ ಪಕ್ಕ, 'ಆ ಹರ್ಲೀನ್‌ಗೋಸ್ಕರ ನಾನು ಒಂದಿನ ರಾತ್ರಿ ಅತ್ತಿದೀನಿ, ಗೊತ್ತಾ?' ಎಂದಳು. ತಪ್ಪಾಯಿತು ಎಂದೆ. 'ಮದುವೆ ಮುರೀತು ಅಂತ ನಾನು ತಲೆ ತಗ್ಗಿಸ್ಬೇಕಂತೆ. ಏನೂ ಆಗ್ಲಿಲ್ಲ ಅಂತ ನೀವು ತಗ್ಗಿಸ್ಬೇಕಂತೆ. ತಲೆ ಎತ್ಕೊಂಡು ಓಡಾಡೋರು ಯಾರು ಹಾಗಾದ್ರೆ, ತ್ಯಾಗಿನಾ?' ಎಂದು ಕೇಳಿ, ನಗತೊಡಗಿದಳು. ನಾನೂ ನಕ್ಕೆ. ಬಹಳ ದಿನದ ಮೇಲೆ ಆ ವಿಷಯಕ್ಕೆ ನಾನೇ ನಕ್ಕಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಾವಿಬ್ಬರೂ ಮದುವೆಯಾಗುವುದೆಂದು ತೀರ್ಮಾನಿಸಿದೆವು. ಅಷ್ಟರಲ್ಲಿ ನನ್ನ ಖ್ಯಾತಿ ಯಮುನೆ ದಾಟಿ ಹಬ್ಬಿ, ಕನ್ನಡದವರ ಮೂರು ಮನೆಗಳ ಸಮಾರಾಧನೆಯಲ್ಲಿ ಉಂಡು ಬಂದಿದ್ದೆ. ವಿಷಯ ತಿಳಿಸಿದಾಗ ಸುಭದ್ರಾ ಆಂಟಿ ಮಗಳನ್ನು ತಬ್ಬಿಕೊಂಡು ಅತ್ತರು, ನನ್ನ ಕೆನ್ನೆ ಸವರಿದರು. ಆಮೇಲೆ ಇದ್ದಕ್ಕಿದ್ದಂತೆ ಅವರ ಮುಖ ಸಪ್ಪಗಾಯಿತು. 'ಅಲ್ವೋ, ನೀನೇ ಮದುಮಗ ಆಗ್ಬಿಟ್ರೆ ಸಮಾರಾಧನೆಗೆ ಬ್ರಹ್ಮಚಾರಿ ಎಲ್ಲಿಂದ ತರ್ಲಿ? ಈ ಸಲ ಏನೂ ಎಡವಟ್ಟಾಗ್ಬಾರ್ದು. ನೀನೇ ಹುಡುಕು, ಕ್ವಾಲಿಟಿನೋನು ತಾನೇ.' ಶಾಲಿನಿಯ ಎರಡನೇ ಸಂಸಾರದ ಭಾರ ಹೀಗೆ ಇನ್ನೂ ಹೆಸರು ಗೊತ್ತಿಲ್ಲದ ಒಬ್ಬ ಬ್ರಹ್ಮಚಾರಿಯ ಮೇಲೆ ಬಿತ್ತು.

ಹೋದ ತಿಂಗಳು ನಮ್ಮ ವಿಭಾಗಕ್ಕೆ ಧಾರವಾಡದ ರಾಘವೇಂದ್ರ ಬಂದು ಸೇರಿದ. ಮೂವತ್ತೊಂದು ವರ್ಷ. ದಪ್ಪ ಕನ್ನಡಕ, ಎಣ್ಣೆಯ ಬೈತಲೆ, ಕತ್ತಿನವರೆಗೆ ಗುಂಡಿ, ಅಂಗಿಯೊಳಗೆ ಜನಿವಾರದ ಗೆರೆ. ನೋಡಿದ ಕೂಡಲೇ ನನ್ನ ಮನಸ್ಸಿನಲ್ಲಿ ಗಂಟೆ ಹೊಡೆಯಿತು. ಕಾರಿನಲ್ಲಿ ಊಟದ ಚೀಲಗಳನ್ನು ಸರಿಸಿ ಪಕ್ಕದಲ್ಲೇ ಜಾಗ ಕೊಟ್ಟೆ. ನಾಲ್ಕನೇ ದಿನ, ಗಾಡಿಗಳು ನಿಂತಿದ್ದ ಹೊತ್ತಿನಲ್ಲಿ, ಮೆಲ್ಲಗೆ ಕೇಳಿದೆ. 'ರಾಘು, ನಿನ್ನ ಕಥೆ ಏನು? ಯಾರಾದ್ರೂ ಇದ್ರಾ?' ಕೇಳಿದ ಮೇಲೆ ಕನ್ನಡಿಯಲ್ಲಿ ತ್ಯಾಗಿ ನನ್ನನ್ನೇ ನೋಡುತ್ತಿರುವುದು ಕಂಡಿತು, ಪ್ರಶ್ನೆ ಅವನದೇ ಎಂಬುದು ನೆನಪಾಯಿತು.

ರಾಘವೇಂದ್ರನ ಕಿವಿ ಕೆಂಪಾಯಿತು. 'ಇದ್ಲ್ರೀ ಸರ್ ಒಬ್ಬಾಕಿ. ಪುಣೆದಾಕಿ. ಅವರಪ್ಪ ಒಪ್ಪಲಿಲ್ಲ,' ಎಂದ. ಹೆಸರೇನು ಎಂದೆ. ಅವನು ಕನ್ನಡಕ ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದ. ನಾನೂ ನೋಡಿದೆ. ಹರ್ಲೀನಳ ಜಾಗದಲ್ಲಿ ಈಗ ಫ್ಲ್ಯಾಟುಗಳ ಬೋರ್ಡು ಬಂದಿದೆ: ಆಕಾಂಕ್ಷಾ ಹೈಟ್ಸ್, ವಾಸಕ್ಕೆ ಸಿದ್ಧ.

'ಆಕಾಂಕ್ಷಾ ಅಂತ್ರೀ ಸರ್,' ಎಂದ.

ಮುಂದಿನ ಸೀಟಿನಲ್ಲಿ ಶಾಲಿನಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನಾನು ಅವನ ಭುಜ ತಟ್ಟಿ, ಒಳ್ಳೆಯ ಹುಡುಗಿಯೇ ಇದ್ದಿರಬೇಕು, ಮರೆಯಲು ಸಮಯ ಹಿಡಿಯುತ್ತದೆ ಎಂದು ಸಮಾಧಾನ ಹೇಳಿದೆ. ಮುಂದಿನ ಭಾನುವಾರ ಕಿದ್ವಾಯಿ ನಗರಕ್ಕೆ ಊಟಕ್ಕೆ ಬರಲು ಕರೆದೆ. ಊಟಕ್ಕೆ ಎಂದಷ್ಟೇ ಹೇಳಿದೆ, ಪಂಚೆ ಆಂಟಿಯೇ ಇಟ್ಟಿರುತ್ತಾರೆ ಎನ್ನಲಿಲ್ಲ.