ಮಾವ ಚಪ್ಪಾಳೆ ತಟ್ಟಿದ ಕೋಣೆ

ನಮ್ಮ ಸೋದರಮಾವನನ್ನು ಗೃಹಪ್ರವೇಶಕ್ಕೆ ಕರೆಯುವುದನ್ನು ನೆಂಟರು ನಿಲ್ಲಿಸಿ ಬಹಳ ವರ್ಷಗಳಾದವು. ಕುಡಿದು ಗಲಾಟೆ ಮಾಡುತ್ತಾರೆಯೇ? ಇಲ್ಲ, ಕಾಫಿಯನ್ನೂ ಮುಟ್ಟುವವರಲ್ಲ. ಊಟದಲ್ಲಿ ಹುಳುಕು ಹುಡುಕುತ್ತಾರೆಯೇ? ಬಡಿಸಿದ್ದನ್ನು ತಿಂದು ತೆಪ್ಪಗೆ ಎಲೆ ಮಡಿಸುತ್ತಾರೆ. ಅವರದು ಒಂದೇ ಒಂದು ದೋಷ, ಚಪ್ಪಾಳೆ ತಟ್ಟುತ್ತಾರೆ! ಹೊಸ ಮನೆಯ ಪ್ರತಿ ಕೋಣೆಯ ನಡುವೆ ನಿಂತು, ಕಣ್ಣು ಮುಚ್ಚಿ, ‘ಟಪ್’ ಎಂದು ಒಂದೇ ಒಂದು ಚಪ್ಪಾಳೆ. ಆಮೇಲೆ ತೀರ್ಪು.

ಬನ್ನೂರಿನಲ್ಲಿ ನಮ್ಮ ಚಿಕ್ಕಮ್ಮನ ಮಗ ಮನೆ ಕಟ್ಟಿಸಿದಾಗ ಹೋಮ ನಡೆಯುತ್ತಿದ್ದಂತೆಯೇ ತಟ್ಟಿಬಿಟ್ಟರು. ಮಂತ್ರ ಹೇಳುತ್ತಿದ್ದ ಪುರೋಹಿತರು ಅದು ತಮಗೇ ಸಂದ ಮೆಚ್ಚುಗೆಯೆಂದುಕೊಂಡು ದನಿ ಏರಿಸಿದರು. ಮಾವ ಮಾತ್ರ ಮನೆಯ ಯಜಮಾನನನ್ನು ಪಕ್ಕಕ್ಕೆ ಕರೆದು, “ನಡುಮನೆ ಚೆಂದಾಗದೆ ಕಣಪ್ಪ. ಈ ರೂಮೊಂದು ಮಾತ್ರ ಆಡಿದ್ ಮಾತ್ನ ಎರಡೆರಡು ಸತಿ ಯೋಳ್ತದೆ. ಇಲ್ಲಿ ಗಂಡ ಎಂಡ್ರು ಮಲಗಬ್ಯಾಡಿ, ಒಂದು ಜಗಳ ಎರಡಾಯ್ತದೆ” ಎಂದರು.

ಮಾವ ಓದಿದ್ದು ಮೂರನೆಯ ತರಗತಿ. ತಿ. ನರಸೀಪುರದ ಹತ್ತಿರದ ಹಳ್ಳಿಯೊಂದರಲ್ಲಿ ರೇಷ್ಮೆ ಹುಳು ಸಾಕಿಕೊಂಡೇ ತಲೆ ನರೆಸಿಕೊಂಡವರು. ಆದರೆ ಆ ಕಿವಿ! ಹುಳುಮನೆಯ ಬಾಗಿಲ ಹೊರಗೆ ನಿಂತು, ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿಯೇ ಯಾವ ತಟ್ಟೆಗೆ ಸೊಪ್ಪು ಕಡಿಮೆ ಬಿದ್ದಿದೆ ಎಂದು ಹೇಳುತ್ತಿದ್ದರು. ಇದು ಬುರುಡೆ ಎನ್ನುತ್ತೀರಾ? ನಾನೂ ಹಾಗೇ ಎನ್ನುತ್ತಿದ್ದೆ, ನನಗೇ ಅವರ ಕಿವಿ ಬೇಕಾಗುವ ತನಕ.

ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಇದನ್ನು ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಮಾಡಿಕೊಂಡು ಹೇಳುತ್ತೇನೆ. ಈಗ ನಂಜನಗೂಡಿನ ಕಾಲೇಜೊಂದರಲ್ಲಿ ಚರಿತ್ರೆಯ ಪಾಠ ಮಾಡುತ್ತಿದ್ದೇನೆ. ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಳು. ಹೆಡತಲೆ ಎಂಬ ಊರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಪುಸ್ತಕ ಓದಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಹಿಂದಿನ ಪರೀಕ್ಷೆಯಲ್ಲಿ ಫೇಲಾದಳು, ಅದೂ ನನ್ನದೇ ವಿಷಯದಲ್ಲಿ. “ಇನ್ನೊಂದ್ಸಲ ಹಿಂಗಾದ್ರೆ ಮನೇಲಿ ಬಿಡಿಸ್ತಾರೆ ಮೇಡಂ” ಎಂದಳು. ಅಳಲಿಲ್ಲ. ಅತ್ತಿದ್ದರೆ ನಾಲ್ಕು ಸಮಾಧಾನದ ಮಾತಾಡಿ ಸುಮ್ಮನಾಗುತ್ತಿದ್ದೆನೋ ಏನೋ.

ಇಡೀ ಪುಸ್ತಕವನ್ನು ಓದಿ ರೆಕಾರ್ಡ್ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಪರೀಕ್ಷೆಗೆ ಎರಡು ತಿಂಗಳಿತ್ತು. ನಮ್ಮ ಮನೆಯ ಹಾಲ್‌ನಲ್ಲಿ ಮೈಕ್ ಇಟ್ಟುಕೊಂಡು ಮೊದಲ ಪಾಠ ಓದಿ ಕಳಿಸಿದೆ. ಬಸ್ಸಿನಲ್ಲಿ ಕೇಳಿಕೊಂಡು ಬಂದ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು: “ಮೇಡಂ, ಬಾವಿಯೊಳಗೆ ಇಳಿದು ಓದಿದ್ರಾ?”

ಟೈಲ್ಸು, ಗಾಜು, ಬೋಳು ಗೋಡೆ. ನನ್ನ ದನಿ ಎಲ್ಲದಕ್ಕೂ ಬಡಿದು ವಾಪಸು ಬರುತ್ತಿತ್ತು. ಬಸ್ಸಿನ ಗದ್ದಲದಲ್ಲಿ ಒಂದು ಪದವೂ ಬಿಡಿಸಿ ಕೇಳುವಂತಿರಲಿಲ್ಲ. ಮಹಡಿಯ ಮೇಲಿದ್ದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ ಅದನ್ನೇ ಸ್ಟುಡಿಯೋ ಮಾಡುವುದೆಂದು ನಿಶ್ಚಯಿಸಿದೆ. ಗೋಡೆಗೆ ಸದ್ದು ಹೀರುವ ಪ್ಯಾನೆಲ್ ಹಾಕಬೇಕು ಎಂದು ಯೂಟ್ಯೂಬು ಹೇಳಿತು. ಯಾವ ಪ್ಯಾನೆಲ್ ಎಂದರೆ ಒಬ್ಬೊಬ್ಬರದು ಒಂದೊಂದು ರಾಗ! ಅಷ್ಟರಲ್ಲಿ ಸುದ್ದಿ ನರಸೀಪುರ ಮುಟ್ಟಿತ್ತು. ಮಾರನೆಯ ದಿನ ಮೊದಲ ಬಸ್ಸಿಗೇ ಮಾವ ಹಾಜರು. ಚಪ್ಪಲಿ ಬಿಟ್ಟವರೇ ನೇರ ಮಹಡಿಗೆ ಹೋದರು. ಟಪ್! “ಅಯ್ಯೋ ಕೂಸೇ, ಇದು ರೂಮಲ್ಲ, ತಪ್ಪಲೆ” ಎಂದರು.

ಪ್ಯಾನೆಲ್ ಆರಿಸಲು ಇಬ್ಬರೂ ಮೈಸೂರಿನ ಅಂಗಡಿಯೊಂದಕ್ಕೆ ಹೋದೆವು. ಕಪ್ಪು, ಕೆಂಪು, ನೀಲಿ ಬಣ್ಣದ ಫೋಮುಗಳು ಗೋಡೆ ತುಂಬ ಮುಳ್ಳುಮುಳ್ಳಾಗಿ ನಿಂತಿದ್ದವು.

“ಇದೇನವ್ವ, ಮೊಟ್ಟೆ ಇಡೋ ಟ್ರೇಗೆ ಬಣ್ಣ ಒಡ್ದವ್ರೆ?”

“ಇದು ಪ್ರೊಫೆಷನಲ್ ಕ್ವಾಲಿಟಿ ತಾತ” ಎಂದ ಅಂಗಡಿಯವನು.

ಮಾವ ಒಂದು ತುಂಡನ್ನು ಕೈಗೆತ್ತಿಕೊಂಡು, ಬಾಯಿಗೆ ಒತ್ತಿ ಹಿಡಿದು ‘ಫೂ’ ಎಂದು ಊದಿದರು. ಇನ್ನೊಂದು ಅಂಗೈ ಅದರ ಹಿಂದೆ. ಅಂಗಡಿಯವನಿಗೆ ಗಾಬರಿ. “ತಾತ, ಅದು ಬಲೂನಲ್ಲ!”

“ಗೊತ್ತು ಕಣಪ್ಪ. ಉಸ್ರೇ ಒಳಕ್ಕೆ ಓಗ್ದಿದ್ರೆ ಸದ್ದು ಎಂಗೋದದು? ಉಸ್ರು ಸಲೀಸಾಗಿ ಆಚೆ ಬಂದುಬುಟ್ರೆ ಒಳಗೆ ನಿಲ್ಲೋದೇನು? ಕಷ್ಟಪಟ್ಟು ಓಗ್ಬೇಕು, ಸುಸ್ತಾಗಿ ಅಲ್ಲೇ ಕೂತ್ಕಬೇಕು.”

ಆಮೇಲೆ ಫೋಮಿನ ಗೋಡೆಯ ಮುಂದೆ ನಿಂತು ತಟ್ಟಿದರು. ಕಿವಿಗೊಟ್ಟರು. ತಲೆ ಅಲ್ಲಾಡಿಸಿದರು. “ಇದು ಕೀಚಲು ದನಿ ಮಾತ್ರ ತಿಂತದೆ. ಗುಂಯ್ ಅನ್ನೋ ದಪ್ಪ ದನಿ ಮುಟ್ಟಾಕಿಲ್ಲ. ಎಳೇ ಉಳ ಚಿಗುರು ತಿಂದು ಬಲ್ತ ಸೊಪ್ಪು ಬುಡ್ತದಲ್ಲ, ಅಂಗೆ. ಬಲ್ತ ಉಳ ಬೇಕು ಕಣಪ್ಪ, ಕಡ್ಡೀನೂ ಬುಡ್ದಂಗೆ ತಿನ್ನೋದು. ಅದಾವಾ?”

ಹಿಂದಿನ ರಾತ್ರಿಯಷ್ಟೇ ನಾನು ಮೂರು ಗಂಟೆಯ ವಿಡಿಯೋ ನೋಡಿ ತಿಳಿದುಕೊಂಡಿದ್ದ ವಿಷಯ ಇದು! ತೆಳು ಫೋಮು ತೆಳು ಸದ್ದನ್ನು ಮಾತ್ರ ಹೀರುತ್ತದೆ, ದಪ್ಪ ಸದ್ದಿಗೆ ದಪ್ಪ ಪ್ಯಾನೆಲ್ಲೇ ಬೇಕು. ಅದನ್ನು ಹೇಳಿದಾತನ ಹಿಂದೆ ಗೋಡೆ ತುಂಬ ಪದವಿಗಳು ನೇತಾಡುತ್ತಿದ್ದವು. ಅಂಗಡಿಯವನು ನನ್ನ ಕಿವಿಯಲ್ಲಿ, “ಮೇಡಂ, ಇವರು ಸೌಂಡ್ ಎಂಜಿನಿಯರಾ?” ಎಂದ. “ಅಲ್ಲ, ಹುಳುಮನೆ” ಎಂದೆ. ಅವನಿಗೆ ಏನು ಅರ್ಥವಾಯಿತೋ, ಕುರ್ಚಿ ತಂದು ಹಾಕಿದ.

ಬರಿಗೈಯಲ್ಲಿ ವಾಪಸಾದೆವು. ನಾಲ್ಕು ದಿನದ ಮೇಲೆ ಮನೆಯ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಒಳಗೆ ಮಾವ, ಮಾವನ ಸುತ್ತ ಹತ್ತಿಪ್ಪತ್ತು ಚಂದ್ರಿಕೆ! ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ದೊಡ್ಡ ತಟ್ಟೆಗಳವು. ಮೇಯುವುದು ಮುಗಿಸಿದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿನಲ್ಲಿ ಗೂಡು ಕಟ್ಟುತ್ತವೆ. ಪ್ಲಾಸ್ಟಿಕ್ಕಿನವು ಬಂದ ಮೇಲೆ ಮಾವನ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು.

ಪ್ಯಾನೆಲ್ ಮನೆಯಲ್ಲೇ ತಯಾರಾಯಿತು. ಮೊದಲು ಮರದ ಚೌಕಟ್ಟು. ಅದರೊಳಗೆ ಹಳೆಯ ಹಾಸಿಗೆ ಬಿಚ್ಚಿ ಹಿಂಜಿಸಿದ ಹತ್ತಿ, ಒಂದು ಗೇಣು ದಪ್ಪ. ಮೇಲೆ ಗೋಣಿ ಬಟ್ಟೆ. ಪ್ರತಿ ಗೋಣಿಗೂ ಊದಿ ನೋಡಿ, ಏಳನ್ನು ತಿರಸ್ಕರಿಸಿದರು! ಗೋಡೆಗೆ ಅಂಟಿಸಿ ಮೊಳೆ ಹೊಡೆಯಲು ಹೋದರೆ ಕೈ ಹಿಡಿದರು. “ಇಂದೆ ನಾಕು ಬೆರಳು ಗಾಳಿ ಬುಡವ್ವ. ಗಾಳಿ ಇಲ್ದೆ ಯಾವುದೂ ಬದುಕಾಕಿಲ್ಲ.” ಅದನ್ನೂ ಯೂಟ್ಯೂಬು ಹೇಳಿತ್ತು, ಇಂಚಿನ ಲೆಕ್ಕದಲ್ಲಿ. ಎದುರು ಗೋಡೆಗೆ ಬರಿಯ ಚಂದ್ರಿಕೆ, “ಎಲ್ಲಾನೂ ತಿಂದಾಕ್ಬುಟ್ರೆ ರೂಮು ಸತ್ತೋಯ್ತದೆ, ಇಲ್ಲಿ ಸದ್ದು ಸುರುಳೀಲಿ ಸುತ್ತಾಡಿ ಚೆದುರ್ಕಳ್ಲಿ” ಎಂದು.

ಪಕ್ಕದ ಗೋಡೆಗೆ ಪ್ಯಾನೆಲ್ ಹೊಡೆಯುವ ಮುಂಚೆ, ಸೋಲೊಪ್ಪದ ನಾನು ಒಂದು ಪರೀಕ್ಷೆ ಇಟ್ಟೆ. ಗೋಡೆಯಲ್ಲಿ ದನಿ ಮೊದಲು ಬಡಿಯುವ ಜಾಗವನ್ನು ಕನ್ನಡಿಯಿಂದ ಕಂಡುಹಿಡಿಯಬಹುದು. ಕುರ್ಚಿಯಲ್ಲಿ ಕೂತು, ಯಾರಾದರೂ ಗೋಡೆಯುದ್ದಕ್ಕೂ ಕನ್ನಡಿ ಸರಿಸಿದಾಗ ಮೈಕ್ ಎಲ್ಲಿ ಕಾಣುತ್ತದೋ ಅದೇ ಜಾಗ. ನಮ್ಮೆಜಮಾನರಿಂದ ಕನ್ನಡಿ ಹಿಡಿಸಿ ಸೀಮೆಸುಣ್ಣದಿಂದ ಗುರುತು ಮಾಡಿ, ಒರೆಸಿದೆ. ಆಮೇಲೆ ಮಾವನನ್ನು ಒಳಗೆ ಕರೆದೆ. ಕುರ್ಚಿಯಲ್ಲಿ ಕೂತರು, ಕಣ್ಣು ಮುಚ್ಚಿ ತಟ್ಟಿದರು, ಕೈಯಲ್ಲಿದ್ದ ಕೋಲೆತ್ತಿ ಗೋಡೆಗೆ ಚುಚ್ಚಿದರು. ಒರೆಸಿದ ಸೀಮೆಸುಣ್ಣದ ಕಲೆಯ ಮೇಲೇ! ಯಜಮಾನರ ಕೈಯಿಂದ ಕನ್ನಡಿ ಜಾರಿತು. ನನ್ನ ಡಿಗ್ರಿಯೂ ಕೊಂಚ ಜಾರಿತು.

ಆದರೆ ಮಾವನಿಗೆ ಕೋಣೆಯೆಂದರೆ ಹುಳುಮನೆಯೇ. ಹೊಸ ಬೆಳೆ ಇಡುವ ಮುಂಚೆ ಹುಳುಮನೆಗೆ ಮಾಡುವ ಶುದ್ಧಿಯನ್ನು ನನ್ನ ಸ್ಟುಡಿಯೋಗೂ ಮಾಡಿದರು. ನೆಲಕ್ಕೆ, ಗೋಡೆಗೆ ಬ್ಲೀಚಿಂಗ್ ಪೌಡರಿನ ನೀರು! ಹೊಸ್ತಿಲಲ್ಲಿ ಸುಣ್ಣದ ಪುಡಿ ಹಾಕಿದ ಗೋಣಿ, ಅದನ್ನು ತುಳಿಯದೆ ಯಾರೂ ಒಳಗೆ ಹೋಗುವಂತಿಲ್ಲ. ಮೈಕ್ ಇಟ್ಟ ಮೇಜಿನ ನಾಲ್ಕು ಕಾಲುಗಳೂ ನೀರು ತುಂಬಿದ ಬಟ್ಟಲುಗಳಲ್ಲಿ.

“ಇದ್ಯಾಕೆ ಮಾವ?”

“ಇರುವೆ ಬಂದ್ರೆ?”

“ಇಲ್ಲಿ ಹುಳ ಎಲ್ಲಿದೆ?”

“ಇರುವೆಗೇನು ಗೊತ್ತಾಯ್ತದೆ?” ಎಂದರು. ಇದಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ?

ಆ ವಾಸನೆಯಲ್ಲೇ ಎರಡನೆಯ ಸಲ ಓದಿದೆ. ಹುಡುಗಿಯ ಫೋನು ಬಂತು. “ಮೇಡಂ, ಈ ಸಲ ಬಾವಿ ಇಲ್ಲ. ಆದ್ರೆ ಒಂದು ಸಾಮ್ರಾಜ್ಯ ಮುಳುಗೋ ಹೊತ್ತಿಗೆ ನೀವು ಹದಿನೇಳು ಸಲ ಕೆಮ್ಮಿದೀರಿ. ಪರೀಕ್ಷೇಲಿ ಅದ್ನೂ ಬರೀಬೇಕಾ?”

ಅವಳನ್ನೇ ಮನೆಗೆ ಕರೆದೆ. ಸುಣ್ಣದ ಗೋಣಿ ತುಳಿಯಲು ಹೇಳಿದಾಗ ನಕ್ಕಳು. ಒಳಗೆ ಬಂದವಳು, ಯಾರೂ ಹೇಳದೆಯೇ, ಕೋಣೆಯ ನಡುವೆ ನಿಂತು ‘ಟಪ್’ ಎಂದು ಚಪ್ಪಾಳೆ ತಟ್ಟಿದಳು! ಮಾವ ಕೂತಲ್ಲಿಂದ ಎದ್ದು ನಿಂತರು. ಅರವತ್ತು ದಾಟಿದ ಬದುಕಿನಲ್ಲಿ ಈ ವಿದ್ಯೆಯಲ್ಲಿ ಅವರು ಕಂಡ ಮೊದಲ ಜೊತೆಗಾತಿ ಅವಳು.

“ತಾತ, ಬಲಗಡೆ ಮೇಲಿನ ಮೂಲೇಲಿ ಇನ್ನೂ ಏನೋ ಗುಂಯ್ ಅಂತದಲ್ವಾ?”

“ಅಂತದೆ ಕಣ್ ಮಗಾ! ನಿಮ್ ಮೇಡಮ್ಮಂಗೆ ಯೋಳಿ ಯೋಳಿ ಸಾಕಾಯ್ತು.”

ಹೇಳಿಯೇ ಇರಲಿಲ್ಲ! ಆದರೆ ಇಬ್ಬರೂ ಸೇರಿ ಆ ಮೂಲೆಗೆ ಹತ್ತಿಯ ಮೂಟೆಯೊಂದನ್ನು ತುರುಕಿಸಿದರು, ಏಣಿ ಹತ್ತಿದವಳು ನಾನು. ಬ್ಲೀಚಿಂಗ್ ವಾಸನೆ ಹೋಗುವವರೆಗೆ ಮೂರು ದಿನ ಕಿಟಕಿ ತೆರೆದಿಟ್ಟೆವು.

ಓದು ಶುರುವಾಗುವ ದಿನ ಮಾವ ಮಹಡಿ ಮೆಟ್ಟಿಲ ಮೇಲೆ ಟವೆಲ್ ಹಾಸಿಕೊಂಡು ಕೂತರು. ಕೆಳಗಿನ ಮನೆಯ ಕುಕ್ಕರು, ಗ್ಯಾಸಿನ ಗಾಡಿ, ಸೊಪ್ಪಿನವಳು, ಎಲ್ಲರಿಗೂ ‘ಶ್ಶ್!’ “ಒಳಗೇನಾಗ್ತಿದೆ ತಾತ?” ಎಂದು ಸೊಪ್ಪಿನವಳು ಕೇಳಿದಾಗ, “ಉಳಕ್ಕೆ ಜ್ವರ, ಸದ್ದು ಮಾಡಬ್ಯಾಡ” ಎಂದರು.

ಬಾಗಿಲು ಮುಚ್ಚಲು ಹೋದ ನನ್ನ ಕೈ ನಿಂತಿತು. ಎಷ್ಟು ವರ್ಷಗಳಾಗಿದ್ದವು ಆ ಮಾತು ಕೇಳಿ!

ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದು ಮೇಯುವುದಿಲ್ಲ, ಅಲುಗಾಡುವುದಿಲ್ಲ. ಹೈಸ್ಕೂಲು ಓದುವಾಗ ನಾನು ಮಾವನ ಮನೆಯಲ್ಲಿದ್ದೆ. ಹನ್ನೊಂದು ಜನ, ಒಂದು ರೇಡಿಯೋ, ರುಬ್ಬುವ ಕಲ್ಲು, ಮೂಲೆಗೊಂದು ಜಗಳ. ಹುಳಕ್ಕೆ ಜ್ವರ ಬಂತೆಂದರೆ ಮಾತ್ರ ಮನೆಯೆಲ್ಲ ಗಪ್‌ಚಿಪ್. ಸದ್ದಾದರೆ ಹುಳ ಕೆಡುತ್ತದೆ ಎಂದು ಮಾವನ ಕಟ್ಟಪ್ಪಣೆ. ಹುಳುಮನೆಯೊಳಗೆ ಒಬ್ಬರು ಕಾವಲು ಕೂರಬೇಕು. “ಓದೋಳು ಕೂತ್ಕಳ್ಳಲಿ, ಅವಳಾದ್ರೆ ಬಾಯ್ ಮುಚ್ಕಂಡಿರ್ತಳೆ.” ಅಲ್ಲೇ ಕೂತು ನಾನು ಎಸ್ಸೆಸ್ಸೆಲ್ಸಿ ಓದಿದೆ. ಒಂದು ಬೆಳೆಗೆ ಹುಳಕ್ಕೆ ನಾಲ್ಕೇ ಜ್ವರ. ಈಗ ನಿಧಾನವಾಗಿ ನೆನಪಿಸಿಕೊಂಡರೆ, ನನ್ನ ಪರೀಕ್ಷೆಯ ಮುಂಚಿನ ಬೆಳೆಗೆ ಏಳೋ ಎಂಟೋ ಸಲ ಬಂದಿತ್ತು!

“ಮಾವ,” ಎಂದೆ, “ಈಗಿನವರು ಹುಳುಮನೇಲೇ ಟೀವಿ ಹಾಕ್ಕೊಂಡಿರ್ತಾರೆ. ಹುಳ ಚೆನ್ನಾಗೇ ಗೂಡು ಕಟ್ತವೆ. ಸದ್ದಾದ್ರೆ ನಿಜವಾಗ್ಲೂ ಕೆಡ್ತಿದ್ವಾ?”

ಮಾವ ನನ್ನತ್ತ ತಿರುಗಲಿಲ್ಲ. ಬೀದಿಯನ್ನೇ ಕಾಯುತ್ತಾ, “ಉಳಕ್ಕೆಲ್ಲಿ ಕಿವಿ ಅದೆ ಕೂಸೇ?” ಎಂದರು. “ಓಗು ಒಳಕ್ಕೆ. ಆ ಮಗ ಅವ್ರೂರಲ್ಲಿ ಪಾಠಕ್ಕೆ ಕಾಯ್ತಾ ಕೂತದೆ.”

ಸುಣ್ಣ ತುಳಿದು ಒಳಗೆ ಹೋದೆ. ಮೈಕ್ ಹಾಕುವ ಮುಂಚೆ ಎರಡು ಸಲ ಕೆಮ್ಮಿದೆ. ಈ ಸಲ ಬ್ಲೀಚಿಂಗ್ ಪೌಡರಿನ ನೆಪವೂ ಇರಲಿಲ್ಲ.

ಹುಡುಗಿ ಪಾಸಾದಳು. ನನ್ನ ವಿಷಯದಲ್ಲೇ ಹೆಚ್ಚು ಅಂಕ. ಆ ಪುಸ್ತಕವನ್ನು ಈಗ ಬೇರೆ ಊರಿನ ಮಕ್ಕಳೂ ಕೇಳುತ್ತಿದ್ದಾರೆ. ಎಲ್ಲೂ ಒಂದು ಚೂರು ಪ್ರತಿಧ್ವನಿಯಿಲ್ಲ, ಬಾವಿಯಿಲ್ಲ, ಕೆಮ್ಮಿಲ್ಲ. ಇಡೀ ಪುಸ್ತಕದಲ್ಲಿ ಇರುವುದು ಒಂದೇ ಒಂದು ಹೊರಗಿನ ಸದ್ದು. ಮೊದಲ ಪಾಠದ ಮೊದಲ ವಾಕ್ಯಕ್ಕೂ ಮುಂಚೆ, ಬಾಗಿಲ ಸಂದಿನಿಂದ ಸಣ್ಣಗೆ ನುಸುಳಿಬಂದ ‘ಶ್ಶ್!’

ಅದನ್ನು ಅಳಿಸುವುದು ಹೇಗೆಂದು ನನಗೆ ಗೊತ್ತು. ಡಿಗ್ರಿ ಮಾಡಿದ್ದೇನೆ. ಅಳಿಸಿಲ್ಲ.