ಮಡಿಲು ತುಂಬಿಸಿಕೊಂಡ ಜನಸಂಖ್ಯಾ ತಂಡ

ಮಕ್ಕಳಿಲ್ಲದವರು ನಾಗರಕಲ್ಲು ನೆಟ್ಟು ಬೇಡಿಕೊಳ್ಳುವ ಘಾಟಿಯ ಸುಬ್ರಹ್ಮಣ್ಯಸ್ವಾಮಿಗೆ ಮೊದಲ ನಮಸ್ಕಾರ. ಕೇಳಿದವರಿಗೆ ಮಕ್ಕಳನ್ನು ಕೊಡುವುದು ಅವನ ಕೆಲಸ. ಒಂದಕ್ಕೂ ಇನ್ನೊಂದಕ್ಕೂ ಸ್ವಲ್ಪ ಬಿಡುವಿರಲಿ, ಸಾಕೆನಿಸಿದಾಗ ನಿಲ್ಲಿಸಿ ಎಂದು ಮನೆಮನೆಗೆ ಹೇಳಿ ಬರುವುದು ನನ್ನ ಕೆಲಸ. ಒಂದೇ ಜಿಲ್ಲೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದರೂ ನಮ್ಮಿಬ್ಬರಿಗೂ ಒಂದು ದಿನವೂ ಜಗಳವಾಗಲಿಲ್ಲ. ಅದು ಅವನ ದೊಡ್ಡತನ.

ನಾನು ಬೂದಿಗೆರೆ ಕಡೆಯ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದೆ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮೂರಿಗೆ ಹೊಸ ಯೋಗ ಕೂಡಿಬಂತು. ಜನಸಂಖ್ಯೆ, ಸುಸ್ಥಿರ ಅಭಿವೃದ್ಧಿ ಎಂದು ದೇಶದೇಶಗಳ ಅಧಿಕಾರಿಗಳು ಬೆಂಗಳೂರಿನಲ್ಲಿ ಸೇರುತ್ತಿದ್ದರು. ಒಬ್ಬರು ಕಂಡುಕೊಂಡದ್ದನ್ನು ಇನ್ನೊಬ್ಬರು ಕಲಿಯಬೇಕೆಂಬ ಒಳ್ಳೆಯ ಉದ್ದೇಶ. ಕೊನೆಯ ದಿನ ಒಂದು ಹಳ್ಳಿಯನ್ನೂ ನೋಡಬೇಕು, ವಿಮಾನವೂ ತಪ್ಪಬಾರದು. ಹಾಗಾಗಿ ಪ್ರತಿ ಸಲವೂ ನಮ್ಮೂರೇ. ಜಗತ್ತೇ ಬಂದು ಹೋಗುವ ಊರಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ಬಂದ ತಂಡಗಳೆಲ್ಲ ಕೂರುತ್ತಿದ್ದದ್ದು ದೊಡ್ಡಮ್ಮನ ಮನೆ ಜಗಲಿಯಲ್ಲಿ. ಊರಿಗೆಲ್ಲ ಅವರು ದೊಡ್ಡಮ್ಮ. ದೊಡ್ಡ ಜಗಲಿ, ಅದಕ್ಕಿಂತ ದೊಡ್ಡ ಮನಸ್ಸು. ಆದರೆ ಆ ಮನೆಯೊಳಗೇ ನನಗೊಂದು ಸಂಕಟವಿತ್ತು. ಅವರ ಸೊಸೆ ನಂದಗುಡಿ ಕಡೆಯ ಹೆಣ್ಣು, ಚುರುಕಿನವಳು. ಎರಡು ಹೆಣ್ಣುಮಕ್ಕಳಾಗಿದ್ದವು. ಎರಡನೆಯ ಹೆರಿಗೆಯಲ್ಲಿ ಬಹಳ ಕಷ್ಟಪಟ್ಟಿದ್ದಳು. ಇಷ್ಟಕ್ಕೇ ಸಾಕು ಮಾಡಿ, ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಯಾವಾಗ ಬಂದರೂ ಕೊಡುತ್ತೇವೆಂದಿದ್ದ ಕೆಲಸಕ್ಕೆ ಹೋಗಬೇಕೆಂಬುದು ಅವಳ ಆಸೆ. ದೊಡ್ಡಮ್ಮನಿಗೋ ಮೊಮ್ಮಗ ಬೇಕು.

"ನರ್ಸಮ್ಮ, ನಿನ್ ಬೋಧನೆ ಎಲ್ಲಾ ಊರೋರಿಗೆ ಹೇಳು. ನಮ್ಮನೇಗೆ ಒಂದು ಗಂಡು ಬರ್ಲಿ, ಆಮೇಲೆ ನಾನೇ ನಿನ್ ಜೊತೆ ಬಂದು ಮನೆಮನೆಗೂ ಹೇಳ್ತೀನಿ" ಎನ್ನುತ್ತಿದ್ದರು.

ಮಗ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ. ಅವನನ್ನು ಕೇಳಿದರೆ, "ನಂಗೆ ಹೆಂಡ್ತಿ ಹೇಳಿದ್ದೂ ಸರಿ ಅನ್ಸುತ್ತೆ, ಅಮ್ಮ ಹೇಳಿದ್ದೂ ಸರಿ ಅನ್ಸುತ್ತೆ ನರ್ಸಮ್ಮ. ಅದಕ್ಕೇ ನೈಟ್ ಡ್ಯೂಟಿ ಹಾಕ್ಸ್ಕೊಂಡಿದ್ದೀನಿ" ಎಂದ.

ಗುಡಿಯಲ್ಲಿ ಕೂತ ಮೂರನೆಯವರು

ಮೊದಲ ತಂಡ ಬರುವ ಮುಂಚೆ ನಮ್ಮ ಡಾಕ್ಟರು ಊರವರನ್ನು ಸೇರಿಸಿ, "ಸಣ್ಣ ಕುಟುಂಬ ಹೇಗಿರುತ್ತೆ ಅಂತ ನೋಡೋಕೆ ಬರ್ತಿದ್ದಾರೆ" ಎಂದಷ್ಟೇ ಹೇಳಿದ್ದರು. ಡಾಕ್ಟರು ಆಗಿನ್ನೂ ಮದುವೆಯಾಗದ ಹುಡುಗ. ನಮ್ಮೂರಿನವರು ಅತಿಥಿ ಏನು ಕೇಳಿದರೂ ಇಲ್ಲ ಎನ್ನುವವರಲ್ಲ.

ಮಾರನೆಯ ದಿನ ನೋಡಿದರೆ ಪ್ರತಿ ಬಾಗಿಲಲ್ಲೂ ತಲೆ ಬಾಚಿಕೊಂಡು ಪೌಡರ್ ಹಾಕಿಕೊಂಡ ಎರಡೆರಡೇ ಮಕ್ಕಳು! ನಾನೇ ಹೆರಿಗೆ ಮಾಡಿಸಿದ್ದ ನಾಲ್ಕು ಮಕ್ಕಳ ಮನೆಯ ಮುಂದೂ ಎರಡೇ.

"ಉಳಿದವು ಎಲ್ಲವ್ವಾ?" ಎಂದೆ.

"ಸುಮ್ನಿರಿ ನರ್ಸಮ್ಮ, ಊರ ಮಾನ!" ಎಂದು ಆ ತಾಯಿ ಕಣ್ಣು ಮಿಟುಕಿಸಿದಳು.

ತಂಡದ ಹಿರಿಯರು ಯಾವುದೋ ದ್ವೀಪದೇಶದವರು, ಬೆಳ್ಳಗೆ ಗಡ್ಡ. ಇಳಿದವರೇ, "ಮೊದಲು ಈ ಊರಿನ ದೇವರಿಗೆ ಕೈ ಮುಗಿಯುತ್ತೇನೆ" ಎಂದರು. ನನಗೆ ಕಣ್ಣು ತುಂಬಿಬಂತು. ಪರದೇಶದವರಿಗೆ ಎಂಥ ಭಕ್ತಿ! ನಾನೇ ಮುಂದಾಗಿ ಗುಡಿಗೆ ಕರೆದೊಯ್ದೆ. ಹಿಂದಿನಿಂದ ಊರವರು ಸೀರೆ ಸೆರಗು ಎಳೆಯುತ್ತಿದ್ದರೂ ನನಗೆ ಅರ್ಥವಾಗಲಿಲ್ಲ.

ಪೂಜಾರಪ್ಪ ಬಾಗಿಲಿಗೆ ಅಡ್ಡ ಕೂತಿದ್ದರು. "ಸ್ವಾಮಿ ಮಲಗವ್ರೆ" ಎಂದರು.

"ಬೆಳಗಿನ ಹೊತ್ತಲ್ಲೇ?"

"ರಾತ್ರಿ ನಿದ್ದೆ ಇಲ್ಲ ಕಣಮ್ಮ, ವಿಮಾನದ ಸದ್ದು."

ಅಷ್ಟರಲ್ಲಿ ಒಳಗಿನಿಂದ ಸ್ವಾಮಿ ಸೀನಿದ. ಆಮೇಲೆ ಕಿಲಕಿಲ ನಕ್ಕ. ಬಾಗಿಲು ತೆರೆದರೆ ಊರಿನ ಮೂರನೆಯವರು, ನಾಲ್ಕನೆಯವರು ಎಲ್ಲರೂ ಸಾಲಾಗಿ ಕೂತು ಕಡ್ಲೆಪುರಿ ತಿನ್ನುತ್ತಿದ್ದಾರೆ. ಅತಿಥಿಗಳನ್ನು ಕಂಡು ಎಲ್ಲವೂ ಒಟ್ಟಿಗೇ ಎದ್ದು "ನಮಸ್ತೇ" ಎಂದವು.

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆ ಹಿರಿಯರು ಮಾತ್ರ ಕೆಳಗೆ ಕೂತು ಒಂದು ಮಗುವಿನ ಕೈಯಿಂದ ಪುರಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ನಾನು ನಮ್ಮಮ್ಮನ ಏಳನೆಯ ಮಗ. ಈ ಊರಲ್ಲಿ ಹುಟ್ಟಿದ್ದರೆ ಇವತ್ತು ನನ್ನ ಜಾಗವೂ ಗುಡಿಯಲ್ಲೇ" ಎಂದರು.

ವಿಮಾನ ಹೋಗಲಿ

ನಮ್ಮೂರಿನಲ್ಲಿ ಒಂದು ಅಭ್ಯಾಸವಿದೆ. ವಿಮಾನ ತಲೆಯ ಮೇಲೆ ಬಂತೆಂದರೆ ಆಡುತ್ತಿದ್ದ ಮಾತನ್ನು ಅಲ್ಲೇ ನಿಲ್ಲಿಸಿ ತಲೆ ತಗ್ಗಿಸಿ ಸುಮ್ಮನಿರುತ್ತೇವೆ. ಅದು ದಾಟಿದ ಮೇಲೆ ಬಿಟ್ಟ ಜಾಗದಿಂದಲೇ ಶುರು. ಜಗಳವೂ ಹಾಗೆಯೇ. ಬೈಗುಳ ಅರ್ಧದಲ್ಲಿ ನಿಂತು, ವಿಮಾನ ಹೋದ ಮೇಲೆ ಪೂರ್ತಿಯಾಗುತ್ತದೆ. ನಾನಂತೂ ಆ ಹೊತ್ತಿನಲ್ಲಿ, ಮೇಲೆ ಹೋಗುತ್ತಿರುವವರು ಸುಖವಾಗಿ ಮನೆ ಸೇರಲಪ್ಪಾ ಎಂದು ಬೇಡಿಕೊಳ್ಳುತ್ತೇನೆ.

ಎರಡನೆಯ ತಂಡ ಚಳಿದೇಶದ್ದು. ನಾನು ಗರ್ಭಿಣಿಯರ ಆರೈಕೆಯ ಬಗ್ಗೆ ಹೇಳುತ್ತಿದ್ದೆ, ಬೆಂಗಳೂರಿನ ದುಭಾಷಿ ಹುಡುಗಿ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದಳು. ವಿಮಾನ ಬಂತು. ಇಡೀ ಜಗಲಿ ತಲೆ ತಗ್ಗಿಸಿತು. ಅವರು ಗಾಬರಿಯಿಂದ ಸುತ್ತ ನೋಡಿ, ಎದ್ದು ನಿಂತು, ಟೋಪಿ ತೆಗೆದು ತಾವೂ ತಲೆ ಬಾಗಿಸಿದರು. ಹೀಗೇ ಪ್ರತಿ ವಿಮಾನಕ್ಕೂ ಎದ್ದು ನಿಂತು, ಕೂತು, ಎದ್ದು ನಿಂತು, ಪಾಪ, ಸುಸ್ತಾಗಿಹೋದರು.

ಹೊರಡುವಾಗ ಅವರಲ್ಲೊಬ್ಬರು ಡಾಕ್ಟರ ಕೈ ಹಿಡಿದು, "ಇಷ್ಟು ಪ್ರಾರ್ಥನೆ ಮಾಡುವ ಊರನ್ನು ನಾನು ಎಲ್ಲೂ ಕಂಡಿಲ್ಲ" ಎಂದರು. ಡಾಕ್ಟರು ತಪ್ಪು ತಿದ್ದಲು ಬಾಯಿ ತೆರೆದರು. ಮೇಲೆ ಮತ್ತೊಂದು ವಿಮಾನ ಬಂತು. ತಲೆ ತಗ್ಗಿಸಿಬಿಟ್ಟರು.

ನಿಮ್ಮೂರಿನ ಮಜ್ಜಿಗೆ

ಆ ಚಳಿದೇಶದವರು ವಸ್ತುಗಳನ್ನು ಬಿಸಾಡಬಾರದು, ಮತ್ತೆ ಮತ್ತೆ ಬಳಸಬೇಕು ಎಂದು ಚೆನ್ನಾಗಿ ತಿಳಿಸಿ ಹೋಗಿದ್ದರು. ಅವರು ತಮ್ಮೂರಿನಿಂದಲೇ ತಂದು ಕುಡಿದಿಟ್ಟ ನೀರಿನ ಬಾಟಲಿಗಳು ಜಗಲಿಯಲ್ಲೇ ಉಳಿದಿದ್ದವು. ದೊಡ್ಡಮ್ಮ ತೊಳೆದು ಬಿಸಿಲಿಗೆ ಒಣಗಿಸಿ ಎತ್ತಿಟ್ಟರು.

ಸ್ವಲ್ಪ ಕಾಲದ ಮೇಲೆ ಅದೇ ದೇಶದಿಂದ ಇನ್ನೊಂದು ತಂಡ ಬಂತು. ದೊಡ್ಡಮ್ಮ ದಾರಿಗೆಂದು ಮಜ್ಜಿಗೆ ತುಂಬಿಸಿ ಕೊಟ್ಟರು. ಅತಿಥಿಯಮ್ಮ ಬಾಟಲಿ ತಿರುಗಿಸಿ ನೋಡಿ, ತಮ್ಮೂರಿನ ಹೆಸರು ಕಂಡು, ಇದಿಲ್ಲಿಗೆ ಹೇಗೆ ಬಂತೆಂದು ಬೆರಗಾದರು.

"ನಿಮ್ಮೋರೇ ಮರ್ತ್ ಹೋಗಿದ್ರು ಕಣವ್ವ" ಎಂದರು ದೊಡ್ಡಮ್ಮ. "ಜೋಪಾನವಾಗಿಟ್ಟಿದ್ದೆ. ಮಜ್ಜಿಗೆ ಕುಡ್ಕೊಂಡು ವಾಪಸ್ ಕಳ್ಸು."

ಮಡಿಲಕ್ಕಿ

ಇಂಥ ದೊಡ್ಡಮ್ಮ ತಮ್ಮ ಸೊಸೆಯ ವಿಷಯಕ್ಕೆ ಮಾತ್ರ ಕರಗಲಿಲ್ಲ. ಆ ಹುಡುಗಿ ದಿನವೂ ಸಂಜೆ ಮುಖ್ಯರಸ್ತೆಯ ಊರ ಗೇಟಿನಲ್ಲಿ ಏರ್‌ಪೋರ್ಟ್ ಕೆಲಸದ ಬಸ್ಸು ಬಂದು ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ನಾನು ಬೆಳಗಿನ ಪೂಜೆಯಲ್ಲಿ ಅವಳ ಹೆಸರು ಸೇರಿಸಿಕೊಂಡಿದ್ದೆ.

ಆಗ ಬಂದದ್ದು ಆಫ್ರಿಕದ ಒಂದು ದೇಶದ ಹೆಂಗಸರ ತಂಡ. ನಮ್ಮ ಹಾಗೆಯೇ ಮನೆಮನೆ ಸುತ್ತುವ ಆರೋಗ್ಯದ ಹೆಂಗಸರು. ಅವರ ಮುಂದಾಳು ಎತ್ತರದ ಹೆಣ್ಣುಮಗಳು. ಅವಳ ನಡಿಗೆಯಲ್ಲೇ ಒಂದು ಗಾಂಭೀರ್ಯವಿತ್ತು. ಅವರು ಕೇಳಿದ ಒಂದೊಂದು ಪ್ರಶ್ನೆಯೂ ನಾನು ನನ್ನ ಊರಿನ ಬಗ್ಗೆ ಕೇಳಬೇಕಾದದ್ದು. ಭಾಷೆ ಬೇರೆ, ಸವೆದ ಚಪ್ಪಲಿ ಒಂದೇ.

ಹೊರಡುವ ಹೊತ್ತಾಯಿತು. ಮನೆಗೆ ಬಂದ ಹೆಣ್ಣುಮಕ್ಕಳನ್ನು ಬರಿಮಡಿಲಲ್ಲಿ ಕಳಿಸುವುದು ನಮ್ಮಲ್ಲಿಲ್ಲ. ದೊಡ್ಡಮ್ಮ ಎಲ್ಲರನ್ನೂ ಸಾಲಾಗಿ ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಅವರ ಶಾಲುಗಳನ್ನೇ ಸೆರಗಿನಂತೆ ಹರಡಿಸಿ, ಅಕ್ಕಿ, ಬೆಲ್ಲ, ಬಾಳೆಹಣ್ಣು, ರವಿಕೆ ಕಣ, ಒಂದೊಂದು ಇಡೀ ಕೊಬ್ಬರಿ ಹಾಕಿ, "ಮನೆ ತುಂಬಾ ಮಕ್ಕಳಾಗ್ಲಿ ಕಣವ್ವ" ಎಂದು ಹರಸತೊಡಗಿದರು.

ಡಾಕ್ಟರ ಮುಖ ಬಿಳುಚಿತು. "ಸಿಸ್ಟರ್, ಇವರು ಬಂದಿರೋದೇ ಜನಸಂಖ್ಯಾ ನೀತಿಗೆ!"

"ನೀತಿ ಬೇರೆ, ಮಡಿಲು ಬೇರೆ ಸಾರ್" ಎಂದೆ. ಇನ್ನೇನು ಹೇಳಲಿ?

ಮುಂದಾಳು ಹೆಣ್ಣುಮಗಳು ದುಭಾಷಿಯನ್ನು ಅರ್ಥ ಕೇಳಿದಳು. ಡಾಕ್ಟರು, "ಆಯುಸ್ಸು, ಆರೋಗ್ಯ ಅಂತ ಹೇಳಮ್ಮ" ಎಂದು ಪಿಸುಗುಟ್ಟಿದರು. ಹುಡುಗಿ ಸುಳ್ಳು ಹೇಳಲಾರದೆ ಇದ್ದದ್ದನ್ನೇ ಹೇಳಿಬಿಟ್ಟಳು. ಮುಂದಾಳು ಶಾಲಿನ ಗಂಟನ್ನು ಎದೆಗೆ ಒತ್ತಿಕೊಂಡು, "ಮದುವೆಯಾಗಿ ಬಹಳ ವರ್ಷವಾಯಿತು. ಊರಿಗೆಲ್ಲ ಕುಟುಂಬ ಯೋಜನೆ ಹೇಳುವ ನನಗೆ ಒಂದು ಮಗುವೂ ಇಲ್ಲ. ಈ ಅಕ್ಕಿ ನಾನು ಬಿಡುವುದಿಲ್ಲ" ಎಂದಳು. ದೊಡ್ಡಮ್ಮ ಅವಳ ಕೆನ್ನೆ ಸವರಿದರು. ನಾನು ಅಲ್ಲೇ ನಿಂತು ಘಾಟಿಯ ಕಡೆಗೆ ತಿರುಗಿ ಕೈ ಮುಗಿದೆ.

ಅವಳನ್ನು ಏರ್‌ಪೋರ್ಟಿಗೆ ಬಿಟ್ಟುಬರಲು ಹೋದ ದೊಡ್ಡಮ್ಮನ ಮಗ ಸಂಜೆ ಕೊಬ್ಬರಿಯೊಂದನ್ನು ಹಿಡಿದುಕೊಂಡು ಬಂದ. "ಅಕ್ಕಿ, ಬೆಲ್ಲ, ಎಲ್ಲಾ ಹೋಯ್ತಮ್ಮ. ಕೊಬ್ಬರಿ ಮಾತ್ರ ವಿಮಾನಕ್ಕೆ ಬಿಡಲ್ವಂತೆ. ಎಣ್ಣೆ ಅಂಶ, ಬೆಂಕಿ ಹತ್ತುತ್ತಂತೆ. ಉಳಿದೋರು ಅಲ್ಲೇ ಬಿಟ್ಟೋದ್ರು, ಆವಮ್ಮ ಕಣ್ಣಿಗೊತ್ಕೊಂಡು ನನ್ ಕೈಲೇ ಕೊಟ್ಳು."

"ಅಯ್ಯೋ ಪಾಪಿ, ಮಡಿಲಿಗೆ ಹಾಕಿದ್ದನ್ನ ವಾಪಸ್ ತರ್ತಾರೇನೋ!" ಎಂದು ದೊಡ್ಡಮ್ಮ ಅದನ್ನು ದೇವರ ಗೂಡಿನಲ್ಲಿಟ್ಟರು. ಸೊಸೆಯತ್ತ ನೋಡಿ, "ಇರ್ಲಿ, ನಮ್ಮನೇಗೇ ಉಪಯೋಗಕ್ಕೆ ಬರುತ್ತೆ" ಎಂದರು. ಆ ಹುಡುಗಿ ಅಂದಿನಿಂದ ದೇವರ ಗೂಡಿನ ಹತ್ತಿರ ಹೋಗುವಾಗಲೆಲ್ಲ ಕೊಬ್ಬರಿಯನ್ನು ಹಾವಿನಂತೆ ನೋಡುತ್ತಿದ್ದಳು.

ಕೊಬ್ಬರಿಯ ಪಾಲು

ಮುಂದೆ ಒಂದು ದಿನ ದೊಡ್ಡಮ್ಮನ ಮನೆ ಮುಂದೆ ಕಾರು ನಿಂತಿತು. ಇಳಿದವಳು ಅದೇ ಎತ್ತರದ ಹೆಣ್ಣುಮಗಳು. ಮತ್ತೊಂದು ಸಭೆಗೆ ಬಂದಿದ್ದಳು. ಎರಡು ಕಂಕುಳಲ್ಲೂ ಒಂದೊಂದು ಕೂಸು. ಅವಳಿ, ಎರಡೂ ಹೆಣ್ಣು. ಹಿಂದೆ ಅದೇ ದುಭಾಷಿ ಹುಡುಗಿ ನಗುತ್ತ ಬಂದಳು. ಡಾಕ್ಟರೂ ಓಡಿಬಂದರು. ಅವರಿಗೆ ಆಗಷ್ಟೇ ಮದುವೆಯಾಗಿತ್ತು.

ದೊಡ್ಡಮ್ಮ ಆರತಿ ಎತ್ತಿ, ಎರಡು ಕೂಸನ್ನೂ ತೊಡೆಯ ಮೇಲೆ ಹಾಕಿಕೊಂಡು, "ನೋಡಿ, ಅಕ್ಕಿಗೊಂದು, ಬೆಲ್ಲಕ್ಕೊಂದು! ಆ ಕೊಬ್ಬರೀನೂ ವಿಮಾನಕ್ಕೆ ಬಿಟ್ಟಿದ್ರೆ ಮೂರಾಗ್ತಿತ್ತು!" ಎಂದರು.

ಅತಿಥಿ ನಕ್ಕಳು. ಆಮೇಲೆ ಮೆಲ್ಲಗೆ, "ಇವರು ಹುಟ್ಟುವಾಗ ನಾನು ಉಳಿದದ್ದೇ ಹೆಚ್ಚು. ಆದರೂ ನಮ್ಮತ್ತೆ ಗಂಡು ಬೇಕೇ ಬೇಕು ಎನ್ನುತ್ತಿದ್ದಾರೆ" ಎಂದಳು.

ದುಭಾಷಿ ಕನ್ನಡಕ್ಕೆ ತಂದಳೋ ಇಲ್ಲವೋ, ದೊಡ್ಡಮ್ಮನ ಕಣ್ಣು ಕೆಂಪಾಯಿತು. "ಯಾವಳವಳು? ಫೋನ್ ಹಚ್ಚು, ನಾನ್ ಮಾತಾಡ್ತೀನಿ! ಲಕ್ಷ್ಮಿ ಸರಸ್ವತಿ ಇದ್ದಂಗವೆ, ಇನ್ನೂ ಏನ್ ಬೇಕಂತೆ ಅವಳ್ಗೆ? ಹೆತ್ತೋಳ ಜೀವಕ್ಕಿಂತ ಗಂಡು ದೊಡ್ಡದಾ? ಸಾಕು ಕಣವ್ವ, ಎರಡು ಸಾಕು. ಮೈ ನೋಡ್ಕೋ, ಕೆಲಸ ನೋಡ್ಕೋ. ನಿಮ್ಮತ್ತೆ ಏನಾದ್ರೂ ಅಂದ್ರೆ ನನ್ ಹೆಸ್ರು ಹೇಳು!"

ಬಾಗಿಲಲ್ಲಿ ಸೊಸೆ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಎರಡು ಮಕ್ಕಳೂ ಅವಳ ಸೆರಗು ಹಿಡಿದಿದ್ದವು. ಎಂದೂ ಎದುರಾಡದ ಹುಡುಗಿ, ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು ಹೇಳಿದಳು: "ಅತ್ತೆ, ಆ ಫೋನು ನಮ್ಮನೇಗೂ ಒಂದ್ಸಲ ಮಾಡಿ."

ದೊಡ್ಡಮ್ಮ ಉತ್ತರಕ್ಕೆ ಬಾಯಿ ತೆರೆದರು. ಸರಿಯಾಗಿ ಆಗಲೇ ವಿಮಾನ ಬಂತು.

ಜಗಲಿಯೆಲ್ಲ ತಲೆ ತಗ್ಗಿಸಿತು. ಅಂದು ನಾನು ಮೇಲಿನವರಿಗಾಗಿ ಬೇಡಿಕೊಳ್ಳುವುದನ್ನು ಮರೆತು, ಕೆಳಗೆ ನಿಂತಿದ್ದ ಒಬ್ಬಳಿಗಾಗಿ ಬೇಡಿಕೊಂಡೆ. ದೊಡ್ಡಮ್ಮ ತೆರೆದ ಬಾಯಿ ಮುಚ್ಚಲಿಲ್ಲ. ತೊಡೆಯ ಮೇಲಿನ ಕೂಸುಗಳನ್ನು ನೋಡಿದರು, ಬಾಗಿಲಲ್ಲಿದ್ದ ಮೊಮ್ಮಕ್ಕಳನ್ನು ನೋಡಿದರು, ಸೊಸೆಯ ಸೊರಗಿದ ಮುಖವನ್ನು ಬಹಳ ಹೊತ್ತು ನೋಡಿದರು. ಅಷ್ಟು ನಿಧಾನವಾಗಿ ಹೋದ ವಿಮಾನವನ್ನು ನಾನು ಕಂಡಿಲ್ಲ.

ಸದ್ದು ಅಡಗಿತು.

"ನಿನ್ ಬಸ್ಸು ಎಷ್ಟೊತ್ತಿಗೆ ಬರುತ್ತೆ?" ಎಂದರು ದೊಡ್ಡಮ್ಮ.

"ಸಂಜೆಗೆ, ಅತ್ತೆ."

"ಹೋಗು. ಮಕ್ಕಳನ್ನ ನಾನ್ ನೋಡ್ಕೋತೀನಿ."

ಸೊಸೆ ಅವರ ಕಾಲಿಗೆ ಬಿದ್ದಳು. ಏಳುವಷ್ಟರಲ್ಲಿ ದೊಡ್ಡಮ್ಮ ಎದ್ದು ದೇವರ ಗೂಡಿನಿಂದ ಕೊಬ್ಬರಿ ತಂದು ನನ್ನ ಕೈಗಿಟ್ಟರು. "ಇದು ಭಾರೀ ಶಕ್ತಿ ಇರೋ ಕೊಬ್ಬರಿ ನರ್ಸಮ್ಮ, ಇನ್ನು ಮನೇಲಿ ಇಟ್ಕೊಳ್ಳೋದು ಬೇಡ. ಈಗ್ಲೇ ಒಡೆದು ಎಲ್ಲಾರ್ಗೂ ಹಂಚು. ಒಬ್ಬೊಬ್ರು ಒಂದೊಂದು ಚೂರು ತಿಂದ್ರೆ ಯಾರಿಗೂ ಏನೂ ಆಗಲ್ಲ."

ಒಡೆದು ಬೆಲ್ಲದ ಜೊತೆ ಹಂಚಿದೆ. ದೂರದೇಶದ ಹೆಣ್ಣುಮಗಳು ತಿಂದಳು, ದುಭಾಷಿ ತಿಂದಳು, ಸೊಸೆಯೂ ಧೈರ್ಯ ಮಾಡಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಇಷ್ಟೆಲ್ಲ ವಿಜ್ಞಾನ ಓದಿದ ನಮ್ಮ ಡಾಕ್ಟರು ಮಾತ್ರ ಆಚೀಚೆ ನೋಡಿ, ತಮ್ಮ ಪಾಲನ್ನು ಸದ್ದಿಲ್ಲದೆ ನನ್ನ ಅಂಗೈಗೆ ದಾಟಿಸಿದರು.

"ನೀವೇ ತಿನ್ನಿ ಸಿಸ್ಟರ್, ನಿಮ್ಮ ವಯಸ್ಸಿಗೆ ಏನೂ ತೊಂದರೆಯಿಲ್ಲ."

ಇದನ್ನು ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ಬೇಡಿದವರ ಮಡಿಲು ತುಂಬಲಿ, ಸಾಕೆಂದವರ ಮಾತು ನಡೆಯಲಿ. ಹುಟ್ಟಿದ ಕೂಸುಗಳೆಲ್ಲ ನೂರು ವರ್ಷ ಬಾಳಲಿ. ನಿಮ್ಮ ತಲೆಯ ಮೇಲೆ ಹಾದುಹೋಗುವ ವಿಮಾನಗಳಲ್ಲಿ ಇರುವವರೆಲ್ಲರೂ ಸುಖವಾಗಿ ಅವರವರ ಮನೆ ಸೇರಲಿ.